ಏನು ಮುಕ್ಕಲಿ ಸಿಸ್ಟರ್?

14 ವರ್ಷ ಹೆರಿಗೆ ವಾರ್ಡಿನಲ್ಲಿ ಕಿರುಚಿದವಳು ನಾನು. ಕಿರುಚುವುದು ಹೆರುವವರ ಕೆಲಸವಲ್ಲವೇ ಅಂತ ಕೇಳಿದರೆ, ನೀವು ಲೇಬರ್ ರೂಮಿನ ಬಾಗಿಲಾಚೆ ನಿಂತು ಮೊಬೈಲು ನೋಡುವ ಜಾತಿಯವರು ಅಂತ ಅರ್ಥ. "ಗದ್ದ ಎದೆಗೊತ್ತು, ಉಸಿರು ಬಿಡಬೇಡ, ಮುಕ್ಕು, ಮುಕ್ಕಮ್ಮಾ, ಇನ್ನೊಂದು ಸಲ, ತಲೆ ಕಾಣ್ತಿದೆ!" ಅಂತ ಒಂದು ರಾತ್ರಿಗೆ ನಾಲ್ಕು ಹೆರಿಗೆಗೆ ಕೂಗಿದವಳು ಬೆಳಿಗ್ಗೆ ಹಾಲಿನವನ ಹತ್ತಿರ ಕೈಸನ್ನೆಯಲ್ಲೇ ವ್ಯವಹಾರ ಮಾಡಬೇಕು.

ಇಂಥ ನಾನು ಡಯಾಲಿಸಿಸ್ ಯೂನಿಟ್ಟಿಗೆ ಹೋದದ್ದು ಸೇವಾಭಾವದಿಂದಲ್ಲ, ನಿದ್ದೆಯ ಆಸೆಯಿಂದ. ಅಲ್ಲಿ ನೈಟ್ ಡ್ಯೂಟಿ ಇಲ್ಲ, ಭಾನುವಾರ ರಜೆ, ಏಸಿ ಬೇರೆ. "ಬೋರು ಕಣೇ" ಅಂದಳು ಗೆಳತಿ. "ಬೋರೇ ಬೇಕು" ಅಂದೆ. ಹೆರಿಗೆ ವಾರ್ಡಿನವರು ಬೀಳ್ಕೊಡುಗೆಗೆ ಗೋಡೆ ಗಡಿಯಾರ ಕೊಟ್ಟರು. ರಾತ್ರಿ ಎರಡೂವರೆಗೆ ಎಚ್ಚರವಾದಾಗ ನಾನು ನೋಡುವುದು ಅದನ್ನೇ. 14 ವರ್ಷ ಎದ್ದೇ ಇದ್ದ ದೇಹಕ್ಕೆ ವರ್ಗಾವಣೆ ಆದೇಶ ಇನ್ನೂ ತಲುಪಿಲ್ಲ.

ಹೆರಿಗೆ ವಾರ್ಡಿನಲ್ಲಿ ಎರಡು ಬೆರಳಿನಲ್ಲಿ ಮುಟ್ಟಿ "ಏಳು ಸೆಂಟಿಮೀಟರ್" ಅಂದರೆ ಡಾಕ್ಟರು ಮರುಮಾತಾಡದೆ ಕಾಫಿ ಮುಗಿಸಿ ಬರುತ್ತಿದ್ದರು. ಆ ಬೆರಳಿಗೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಡಯಾಲಿಸಿಸ್‌ನವರ ಕೈಯಲ್ಲಿ ಶುದ್ಧರಕ್ತನಾಳವನ್ನೂ ಅಶುದ್ಧರಕ್ತನಾಳವನ್ನೂ ಸೇರಿಸಿ ಹೊಲಿದಿರುತ್ತಾರೆ, ಅದಕ್ಕೆ ಫಿಸ್ಟುಲಾ ಅಂತ ಹೆಸರು. ಅದರ ಮೇಲೆ ಕೈಯಿಟ್ಟರೆ ಮಡಿಲಲ್ಲಿ ಬೆಕ್ಕು ಮಲಗಿ ಗುರ್ರ್ ಅಂದ ಹಾಗಾಗುತ್ತದೆ. ಅಲ್ಲಿಗೆ ಎರಡು ಸೂಜಿ ಚುಚ್ಚಬೇಕು, ಒಂದರಲ್ಲಿ ರಕ್ತ ಹೋಗಬೇಕು, ಇನ್ನೊಂದರಲ್ಲಿ ಬರಬೇಕು. ಸೂಜಿಯೋ, ಗೋಣಿಚೀಲ ಹೊಲಿಯುವ ದಬ್ಬಣದ ತಂಗಿ. ಮೊದಲ ವಾರ ನಾನು ಚುಚ್ಚಿದ ಒಂದು ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಸುದ್ದಿ ಹಬ್ಬಿತು. ನಾನು ಟ್ರೇ ಹಿಡಿದು ಬಂದರೆ ಸಾಲು ಹಾಸಿಗೆಯವರೆಲ್ಲ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ಕಣ್ಣು ಮುಚ್ಚಿ, ನಿದ್ದೆ ನಟಿಸುತ್ತಿದ್ದರು. "ಆ ಹುಡುಗನೇ ಬರ್ಲಿ ಬಿಡಿ ಸಿಸ್ಟರ್." ಆ ಹುಡುಗ ಅಂದರೆ 24 ವರ್ಷದ ಟೆಕ್ನೀಷಿಯನ್. ಅವನು ಹುಟ್ಟಿದಾಗಲೇ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ.

ಕೊನೆಗೆ ಕೈ ಕೊಟ್ಟವರು ನಂಜನಗೂಡಿನ ಕಡೆಯ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. "ಕಲಿಯೋರಿಗೆ ಒಂದು ಸ್ಲೇಟು ಬೇಕಲ್ಲ, ಬರೀರಿ" ಅಂದರು. ನನಗೆ ಎದೆ ಡವಡವ. ಸೂಜಿ ಚರ್ಮಕ್ಕೆ ತಾಗಿಸಿ, ಮುಷ್ಟಿ ಬಿಗಿ ಹಿಡೀರಿ ಅನ್ನಬೇಕಾದವಳು, 14 ವರ್ಷದ ಅಭ್ಯಾಸಬಲದಿಂದ ಯೂನಿಟ್ಟಿಗೆಲ್ಲ ಕೇಳುವ ಹಾಗೆ ಕೂಗಿದೆ: "ಮುಕ್ಕಿ!"

ಯಂತ್ರಗಳು ಸಹ ಒಂದು ಕ್ಷಣ ಸುಮ್ಮನಾದವು ಅನ್ನಿಸಿತು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಏನು ಮುಕ್ಕಲಿ ಸಿಸ್ಟರ್? ತಿನ್ನೋದನ್ನೆಲ್ಲ ನೀವೇ ಬಿಡಿಸಿದ್ದೀರಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಹೆರಿಗೆ ವಾರ್ಡಿನಲ್ಲಿ ನನ್ನ ಬಾಯಲ್ಲಿ ಬರುತ್ತಿದ್ದುದೇ "ತಿನ್ನು, ಕುಡಿ, ನಿನಗಲ್ಲದಿದ್ದರೂ ಮಗುವಿಗೆ" ಅಂತ. ಇಲ್ಲಿ ಬಾಯಿ ಬಿಟ್ಟರೆ ಬೇಡ. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಾಳ ತಪ್ಪುತ್ತದೆ. ನಮ್ಮವರು ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲಿ ಹಿಡಿಯುವುದು ಎರಡೇ: ಎಳನೀರು ಮತ್ತು ಬಾಳೆಹಣ್ಣು. ಎರಡರಲ್ಲೂ ಅದೇ ತುಂಬಿದೆ. ಮದ್ದೂರಿನ ಎಳನೀರನ್ನೂ ನಂಜನಗೂಡಿನ ರಸಬಾಳೆಯನ್ನೂ ಬಾಗಿಲಲ್ಲೇ ಜಪ್ತಿ ಮಾಡುವುದು ಈಗ ನನ್ನ ಕೆಲಸ. ಜಪ್ತಿಯಾದ ಮಾಲನ್ನು ಯಾರು ತಿನ್ನುತ್ತಾರೆ ಅಂತ ಕೇಳಬೇಡಿ. ನನ್ನ ಪೊಟ್ಯಾಸಿಯಂ ಸರಿಯಾಗಿದೆ.

ಒಂದು ದಿನ ಮಂಡ್ಯ ಕಡೆಯ ಅಜ್ಜಿಗೆ ಸೊಪ್ಪು ತರಕಾರಿಯ ಪಾಠ ಮಾಡಿದೆ. "ಚಿಕ್ಕದಾಗಿ ಹೆಚ್ಚಿ ಚೆನ್ನಾಗಿ ಬೇಯಿಸಿ, ನೀರು ಬಸಿದು ಚೆಲ್ಲಿಬಿಡಿ. ಕೆಟ್ಟದ್ದೆಲ್ಲ ನೀರಿಗೆ ಇಳಿದಿರುತ್ತೆ."

ಅಜ್ಜಿ ನನ್ನನ್ನು ತಿರುಪೆಯವಳನ್ನು ನೋಡುವ ಹಾಗೆ ನೋಡಿತು. "ಚೆಲ್ಲೋದಾ? ಮತ್ತೆ ಬಸ್ಸಾರಿಗೇನು ಮಾಡಾನೆ?"

"ಬಸ್ಸಾರು ಬ್ಯಾಡ ಅಜ್ಜಿ."

"ನಿಂದ್ಯಾವೂರವ್ವ?"

ಮಂಡ್ಯ ಅನ್ನಲು ಬಾಯಿ ಬರಲಿಲ್ಲ. ಮುದ್ದೆ, ಬಸ್ಸಾರು ತಿಂದೇ ಬೆಳೆದ ಮೈ. ಕೇರಳದ ನಮ್ಮ ಸಿಸ್ಟರ್ ಕಡೆ ಕೈ ತೋರಿಸಿ, "ಇವರ ಊರ ಕಡೆ" ಅಂದೆ. ದೇವರು ಕ್ಷಮಿಸಲಿ, ಆಕೆ ಇನ್ನೂ ಕ್ಷಮಿಸಿಲ್ಲ.

ಇನ್ನು ತೂಕ. ಅಲ್ಲಿ ಮೂರು ಕೇಜಿ ಕೂಸನ್ನು ತಕ್ಕಡಿಗೆ ಹಾಕಿ ಹೊರಗೆ ಬಂದು ಹೇಳಿದರೆ ಅಜ್ಜಿಯರು ದೃಷ್ಟಿ ತೆಗೆಯುತ್ತಿದ್ದರು. ಪೇಢಾ ಬರುತ್ತಿತ್ತು. (ಗಂಡಾದರೆ ಕೇಜಿ ಡಬ್ಬಿ, ಹೆಣ್ಣಾದರೆ ಕಾಲು ಕೇಜಿಯದು. ಹೆಣ್ಣು ಹುಟ್ಟಿದ ದಿನ ನಾನು ಬೇಕಂತಲೇ ಎರಡೆರಡು ತೆಗೆದುಕೊಳ್ಳುತ್ತಿದ್ದೆ.) ಇಲ್ಲಿ ತೂಕ ಹೆಚ್ಚಿತೆಂದರೆ ಕುಡಿದ ನೀರು ಮೈಯಲ್ಲೇ ನಿಂತಿದೆ ಅಂತ ಲೆಕ್ಕ. ತಕ್ಕಡಿ ಹತ್ತುವ ಮುಂಚೆ ಚಪ್ಪಲಿ, ಬೆಲ್ಟು, ಪರ್ಸು, ಶಾಲು, ಒಬ್ಬರಂತೂ ಹಲ್ಲಿನ ಸೆಟ್ಟು, ಎಲ್ಲ ಕಳಚಿಡುತ್ತಾರೆ. ಹಬ್ಬದ ಮರುದಿನ ನಾಲ್ಕು ಕೇಜಿ ಏರಿಸಿಕೊಂಡು ಬಂದು "ತಕ್ಕಡಿ ಕೆಟ್ಟಿದೆ ಸಿಸ್ಟರ್" ಅನ್ನುತ್ತಾರೆ. ಬೈಯುತ್ತೇನೆ. ಬೈದು ಕೂತಾಗ ಡಯಾಲಿಸಿಸ್ ಯಂತ್ರ ಕಣ್ಣಿಗೆ ಬೀಳುತ್ತದೆ. ನಿಮಿಷಕ್ಕೆ ಅರ್ಧ ಲೀಟರಿನಂತೆ, ನಾಲ್ಕು ಗಂಟೆಯಲ್ಲಿ 120 ಲೀಟರ್ ನೀರು ಅವರ ಕಿವಿಯ ಪಕ್ಕದಲ್ಲೇ ಹರಿದು ಮೋರಿಗೆ ಹೋಗುತ್ತದೆ. ಮಲಗಿದವರು ತುಟಿಯ ಮೇಲೆ ಒಂದು ಚೂರು ಐಸಿಟ್ಟುಕೊಂಡು ಅದನ್ನು ಕೇಳುತ್ತಿರುತ್ತಾರೆ.

ಮೇಷ್ಟ್ರಿಗೆ ಒಂದು ಸಲ ಅಪ್ಗಾರ್ ಅಂಕದ ಕಥೆ ಹೇಳಿದೆ. ವರ್ಜೀನಿಯಾ ಅಪ್ಗಾರ್ ಅನ್ನುವ ಅಮೆರಿಕದ ಡಾಕ್ಟರಮ್ಮ 1953ರಲ್ಲಿ ಪ್ರಕಟಿಸಿದ ಪದ್ಧತಿ. ಮಗು ಹುಟ್ಟಿ ಒಂದು ನಿಮಿಷಕ್ಕೆ, ಮತ್ತೆ ಐದು ನಿಮಿಷಕ್ಕೆ, ಅಳು, ಬಣ್ಣ, ಎದೆಬಡಿತ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ ಹಾಕುತ್ತೇವೆ. ಮೊದಲ ನಿಮಿಷದಲ್ಲೇ ಹತ್ತಕ್ಕೆ ಹತ್ತು ಬರುವುದು ಅಪರೂಪ, ಅಂಗೈ ಅಂಗಾಲು ಇನ್ನೂ ನೀಲಿಯಾಗಿರುತ್ತದಲ್ಲ. ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. 35 ವರ್ಷ ಅಂಕ ಹಾಕಿದವರು, ತಮಗಿಂತ ಕಟುಕರಿದ್ದಾರೆ ಅಂತ ಅವತ್ತೇ ಗೊತ್ತಾದದ್ದು. ಆಮೇಲೆ ಸೂಜಿ ಬಿದ್ದ ಕೈಯನ್ನು ಮುಂದೆ ಚಾಚಿ, "ಬಣ್ಣ ಪರವಾಗಿಲ್ಲ, ಅಳು ಇಲ್ಲ. ನನಗೆಷ್ಟು?" ಅಂದರು. ಎಂಟು ಕೊಟ್ಟೆ. ಕೃಪಾಂಕ ಸೇರಿಸಿ ಒಂಬತ್ತು ಮಾಡಿಸಿಕೊಂಡರು.

ಆದರೂ ಹೇಳುತ್ತೇನೆ, ಹೋಗಬಾರದಿತ್ತು. ಅಲ್ಲಿ ಎಷ್ಟೇ ಕಿರುಚಿದರೂ ಬೆಳಗಾಗುವಷ್ಟರಲ್ಲಿ ಹೆರಿಗೆಯೊಂದು ಮುಗಿಯುತ್ತಿತ್ತು. ಇಲ್ಲಿ ಸೋಮವಾರ ತೊಳೆದ ರಕ್ತವನ್ನು ಬುಧವಾರ ಮತ್ತೆ ತೊಳೆಯಬೇಕು, ಶುಕ್ರವಾರ ಮತ್ತೆ. ಮನೆಯಲ್ಲಿ ಪಾತ್ರೆ ತೊಳೆದದ್ದು ಸಾಲದೆ!

ಕಳೆದ ತಿಂಗಳು ಅರ್ಜಿ ಬರೆದುಕೊಂಡು ನರ್ಸಿಂಗ್ ಸೂಪರಿಂಟೆಂಡೆಂಟ್ ಮುಂದೆ ನಿಂತೆ. ಮೇಡಂ ಪೂರ್ತಿ ಓದಿ, ಕನ್ನಡಕ ತೆಗೆದು, "ಲೇಬರ್ ರೂಮಲ್ಲಿ ಜಾಗ ಇಲ್ಲಮ್ಮ, ಹೊಸ ಹುಡುಗಿಯರು ಬಂದಿದ್ದಾರೆ. ಕಣ್ಣಿನ ವಾರ್ಡಲ್ಲಿ ಒಂದು ಖಾಲಿಯಿದೆ. ಡ್ರಾಪ್ಸ್ ಹಾಕೋದಷ್ಟೇ. ಗಲಾಟೆ ಇಲ್ಲ, ನೈಟ್ ಡ್ಯೂಟಿ ಕಡಿಮೆ. ಯೋಚನೆ ಮಾಡು" ಅಂದರು.

ಬೇಡ ಅಂತ ಹೇಳಲು ಬಾಯಿ ತೆರೆದೆ.

"ಅಲ್ಲಿ ಮಧ್ಯಾಹ್ನ ಊಟ ಕೂತು ಮಾಡಬಹುದಾ ಮೇಡಂ?" ಅಂತ ಬಂತು.