ಬೋಟು ನೋಡುತ್ತಿರುವ ಸಾವ್ಕಾರ್ರು

ಹೊಸಪೇಟೆಯಲ್ಲಿ ಕಾರು ತಗೊಂಡವರನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ. ಒಂದು ಕಾಲದಲ್ಲಿ ನೋಡುತ್ತಿದ್ದರು. 2008ರ ಒಲಿಂಪಿಕ್ಸ್‌ಗೆಂದು ಚೀನಾ ಸಿಕ್ಕಸಿಕ್ಕಲ್ಲೆಲ್ಲ ಕಬ್ಬಿಣ ಕೊಳ್ಳುತ್ತಿದ್ದ ವರ್ಷಗಳಲ್ಲಿ ಸಂಡೂರು ಗುಡ್ಡದ ಕೆಂಪು ಧೂಳು ನಮ್ಮ ಇಡ್ಲಿಯ ಮೇಲೂ ಕೂರುತ್ತಿತ್ತು. ಅದೇ ಧೂಳು ಕೆಲವರ ಮನೆ ಮುಂದೆ ಮೂರು ಮೂರು ಕಾರಾಗಿ ನಿಂತಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವಷ್ಟರಲ್ಲಿ ಒಂದಿಷ್ಟು ಮಂದಿ ಜಾಣತನದಿಂದ ದುಡ್ಡು ಎತ್ತಿಟ್ಟು, ಸ್ಟೇಷನ್ ರೋಡಿನ ಆಸುಪಾಸಿನಲ್ಲಿ ಕಾಂಪ್ಲೆಕ್ಸ್ ಎಬ್ಬಿಸಿ, ತಿಂಗಳ ಐದನೇ ತಾರೀಖು ಬಾಡಿಗೆ ಎಣಿಸಿಕೊಂಡು ಉಳಿದ ಇಪ್ಪತ್ತೈದು ದಿನ ಏನು ಮಾಡುವುದೆಂದು ತಿಳಿಯದೆ ಕೂತರು. ಇವರು ಸದಾ ಏನನ್ನಾದರೂ ನೋಡುತ್ತಿರುತ್ತಾರೆ. ಒಬ್ಬರು ಕೊಡಗಿನಲ್ಲಿ ಎಸ್ಟೇಟು ನೋಡುತ್ತಿದ್ದಾರೆ. ಇನ್ನೊಬ್ಬರು ಮಾರ್ವಾಡಿ ಕುದುರೆ ನೋಡುತ್ತಿದ್ದಾರೆ. ನಮ್ಮ ಓಣಿಯ ಸಾವ್ಕಾರ್ರು ಬೋಟು ನೋಡುತ್ತಿದ್ದಾರೆ.

ಬೋಟೆಂದರೆ ಹಂಪಿಯ ತೆಪ್ಪ ಎಂದುಕೊಂಡೀರಿ. ಅವರ ಮುಂದೆ ಹಾಗೆಂದರೆ ಕೂತ ಕುರ್ಚಿ ವಾಪಸ್ ಕೇಳುತ್ತಾರೆ. ಇದು ಮೋಟಾರ್ ಕ್ರೂಸರ್. ಇಪ್ಪತ್ತೆಂಟು ಅಡಿ ಉದ್ದ, ಒಳಗೆ ಕ್ಯಾಬಿನ್ನು, ಇಬ್ಬರು ಮಲಗುವ ಹಾಸಿಗೆ, ಎರಡು ಒಲೆಯ ಗ್ಯಾಸು, ಮಡಚುವ ಊಟದ ಮೇಜು. ಈ ರೋಗ ಅಂಟಿದ್ದು ಇಂಗ್ಲೆಂಡಿನಲ್ಲಿ. ಮಗ ಅಲ್ಲಿ ಕೆಲಸಕ್ಕಿದ್ದಾನೆ. ಅಪ್ಪನನ್ನು ಕರೆಸಿಕೊಂಡು ಥೇಮ್ಸ್ ನದಿಯಲ್ಲಿ ಬಾಡಿಗೆ ಬೋಟು ಹತ್ತಿಸಿದ. ಅಲ್ಲಿ ಗಂಟೆಗೆ ಎಂಟು ಕಿಲೋಮೀಟರಿಗಿಂತ ಜೋರಾಗಿ ಓಡಿಸುವಂತಿಲ್ಲ. ನದಿಗೆ ನಲವತ್ತಕ್ಕೂ ಹೆಚ್ಚು ಲಾಕ್‌ಗಳಿವೆ. ಬಾಗಿಲು ಹಾಕಿ, ನೀರು ತುಂಬಿಸಿ, ಬೋಟನ್ನು ಮೇಲಿನ ಮಟ್ಟಕ್ಕೆ ಎತ್ತಿ ಮುಂದೆ ಬಿಡುತ್ತಾರೆ. ಸಾವ್ಕಾರ್ರು ಊರಿಗೆ ಬಂದವರೇ ತುಂಗಭದ್ರಾ ಡ್ಯಾಮಿನ ಕಡೆ ಕೈ ತೋರಿಸಿ, "ಇದಕ್ಕೂ ಒಂದು ಲಾಕ್ ಇಟ್ಟಿದ್ದರ ಹಂಪಿಯಿಂದ ಸೀದಾ ಹರಿಹರಕ್ಕ ಹೋಗಬಹುದಿತ್ತು. 1945ರಾಗ ಅಡಿಗಲ್ಲು ಹಾಕಿದೋರಿಗೆ ದೂರದೃಷ್ಟಿ ಇರಲಿಲ್ಲ" ಎಂದರು. ಆ ಕಾಲದವರಿಗೆ ಹತ್ತಾರು ಲಕ್ಷ ಎಕರೆಗೆ ನೀರುಣಿಸುವ ಚಿಂತೆಯಿತ್ತು. ಸಾವ್ಕಾರ್ರ ಹರಿಹರ ಪ್ರವಾಸ ಅವರ ಗಮನಕ್ಕೆ ಬಾರದೆ ಹೋಗಿರಬಹುದು.

ಸಂಜೆ ಆರಕ್ಕೆ ಅವರು ಒಗ್ಗರಣೆ–ಮಿರ್ಚಿ ಅಂಗಡಿಗೆ ಬರುತ್ತಾರೆ. ತಲೆಯ ಮೇಲೆ ಅಲಪ್ಪುಳದಲ್ಲಿ ಕೊಂಡ ಬಿಳಿ ಟೋಪಿ, ಅದರ ಮೇಲೆ ಲಂಗರಿನ ಚಿತ್ರ. ಪೇಪರ್ ತಟ್ಟೆ ಬಂದ ಕೂಡಲೇ ಪಾಠ ಶುರು. ಒಂದು ಮಿರ್ಚಿ ಎತ್ತಿ ಅಂಗಾತ ಹಿಡಿಯುತ್ತಾರೆ.

"ನೋಡ್ರಿ ಮೇಷ್ಟ್ರ, ಇದು ವಿ ಆಕಾರದ ತಳ. ಅಲೆ ಸೀಳಿಕೊಂಡು ಹೋಗ್ತದ. ಆದರ ಆಳ ಬೇಕು." ಇನ್ನೊಂದು ಕೈಯಲ್ಲಿ ವಡೆ. "ಇದು ಚಪ್ಪಟೆ ತಳ. ಮೊಣಕಾಲುದ್ದ ನೀರಿದ್ರೂ ಸಾಕು. ಆದರ ಅಲೆ ಎದ್ದಿತು ಅಂದ್ರ ಬಾಯಾಗಿನ ಹಲ್ಲು ಅಲುಗಾಡ್ತಾವ. ಈಗ ಹೇಳ್ರಿ, ನೀವಾಗಿದ್ರ ಯಾವುದು ತಗೋತಿದ್ರಿ?"

ನಾನು ಉತ್ತರ ಹುಡುಕುವಷ್ಟರಲ್ಲಿ ಎರಡೂ ಬೋಟು ಅವರ ಹೊಟ್ಟೆಯಲ್ಲಿ ಮುಳುಗಿರುತ್ತವೆ.

ಎಂಜಿನ್ನಿನ ವಿಚಾರಕ್ಕೆ ಒಂದು ಬೇಸಿಗೆ ಪೂರ್ತಿ ಹೋಯಿತು. ಔಟ್‌ಬೋರ್ಡ್ ಎಂದರೆ ಬೋಟಿನ ಹಿಂದೆ ಹೊರಗೆ ನೇತುಹಾಕುವ ಎಂಜಿನ್ನು. ಕಲ್ಲು ತಗಲಿದರೆ ಮೇಲಕ್ಕೆ ಎತ್ತಿಕೊಳ್ಳಬಹುದು, ಕೆಟ್ಟರೆ ಬಿಚ್ಚಿ ಮೆಕ್ಯಾನಿಕ್ಕಿನ ಹತ್ತಿರ ಒಯ್ಯಬಹುದು. ಇನ್‌ಬೋರ್ಡ್ ಹೊಟ್ಟೆಯೊಳಗೇ ಇರುತ್ತದೆ, ಹೆಚ್ಚಾಗಿ ಡೀಸೆಲ್ಲು, ಗಟ್ಟಿ ಆಳು. ಆದರೆ ಅದರ ಶಾಫ್ಟು ತಳದಿಂದ ಹೊರಚಾಚಿರುತ್ತದೆ, ಒಂದು ಬಂಡೆ ಸಿಕ್ಕರೆ ಸೊಟ್ಟಗಾಯಿತು. ಪೆಟ್ರೋಲ್ ಎಂಜಿನ್ನಾದರೆ ಇನ್ನೊಂದು ಭಯ: ಅದರ ಆವಿ ಗಾಳಿಗಿಂತ ಭಾರ, ಬೋಟಿನ ತಳಕ್ಕಿಳಿದು ಅಲ್ಲೇ ಕೂತಿರುತ್ತದೆ, ಒಂದು ಕಿಡಿ ಸಾಕು. ಇದನ್ನು ಸಾವ್ಕಾರ್ರು ಎಷ್ಟು ಮನಸ್ಸಿಟ್ಟು ವಿವರಿಸಿದರೆಂದರೆ ಪಕ್ಕದ ಬೆಂಚಿನಲ್ಲಿ ಬೀಡಿ ಹಚ್ಚುತ್ತಿದ್ದ ಆಸಾಮಿ ಎದ್ದು ಹೊರಗೆ ಹೋದ. ಮಳೆಗಾಲ ಬಂದಾಗ, ಒಂದು ಎಂಜಿನ್ನು ನಡುನೀರಿನಲ್ಲಿ ಕೈಕೊಟ್ಟರೆ ಎಂಬ ಭಯ ಹುಟ್ಟಿ ಎರಡು ಎಂಜಿನ್ನಿನ ಬೋಟು ನೋಡಲು ಶುರುಮಾಡಿದರು. ಎರಡೂ ಕೈಕೊಟ್ಟರೆ ಎಂಬ ಪ್ರಶ್ನೆಗೆ ಸದ್ಯ ಅಧ್ಯಯನ ನಡೆದಿದೆ.

ಸೆಕೆಂಡ್ ಹ್ಯಾಂಡ್ ಬೋಟು ಪರೀಕ್ಷೆಗೆಂದೇ ಒಂದು ಸಣ್ಣ ಸುತ್ತಿಗೆ ಇಟ್ಟುಕೊಂಡಿದ್ದಾರೆ. ಫೈಬರ್ ತಳವನ್ನು ಮೆಲ್ಲಗೆ ಬಡಿದರೆ ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟಿದ್ದರೆ ದಬ್ ಅನ್ನುತ್ತದೆ. ನೀರು ಒಳಸೇರಿದ್ದರೆ ಮೈಮೇಲೆ ಗುಳ್ಳೆ ಏಳುತ್ತದೆ. ಇದು ನಿಜವಾದ ವಿದ್ಯೆ, ಬೋಟು ಸರ್ವೆ ಮಾಡುವವರು ಹೀಗೆಯೇ ಮಾಡುತ್ತಾರೆ. ಆದರೆ ಸಾವ್ಕಾರ್ರಿಗೆ ದಬ್ ಎನ್ನುವ ಬೋಟು ಸಿಕ್ಕಾಗ ಆಗುವ ಆನಂದ ಬೇರೆ. ಗೋವಾಕ್ಕೆ ಹೋಗಿ ಬಂದರು, ಕೊಚ್ಚಿಗೆ ಹೋಗಿ ಬಂದರು. ಪ್ರತಿ ಸಲ ಇಳಿದವರ ಮುಖದಲ್ಲಿ ಹೆಣ್ಣು ನೋಡಿ ಬೇಡ ಅಂದು ಬಂದವರ ಗೆಲುವು. "ದಬ್ ಅಂತು ಮೇಷ್ಟ್ರ!" ಟಣ್ ಎಂದ ಬೋಟೂ ಒಂದಿತ್ತಂತೆ. ಅದಕ್ಕೆ ಬಣ್ಣ ಸರಿ ಇರಲಿಲ್ಲ.

ಬೀಗರು ಬಿಟ್ಟಾರೆಯೇ? ಮಗಳನ್ನು ಕೊಟ್ಟಿದ್ದು ಸಂಡೂರಿಗೆ, ಟಿಪ್ಪರ್ ಇಟ್ಟವರ ಮನೆಗೆ. ಅವರು ಬೋಟಿನ ಫೋಟೊವನ್ನು ದೊಡ್ಡದು ಮಾಡಿ ನೋಡಿ ಕೇಳಿದ್ದು ಒಂದೇ ಮಾತು: "ಎಷ್ಟು ಟನ್ ಹಾಕಬಹುದ್ರಿ?" ಇದು ಲೋಡಿಗಲ್ಲ, ಸಂತೋಷಕ್ಕೆ ಎಂದು ಸಾವ್ಕಾರ್ರು ಬಿಡಿಸಿ ಹೇಳಿದರು. "ಸಂತೋಷಕ್ಕ ಆದ್ರ ಟ್ರಿಪ್ಪಿಗೆ ಎಷ್ಟು ಬರ್ತದ?" ಎಂದರು ಬೀಗರು. ಕಂಪ್ಲಿಯಲ್ಲಿ ಸೋದರಮಾವನ ಮಗನಿದ್ದಾನೆ, ಭತ್ತ, ಕಬ್ಬು ಬೆಳೆಯುವವನು. ಅವನು ಕ್ಯಾಬಿನ್ನು, ಹಾಸಿಗೆ, ಮಡಚುವ ಮೇಜು ಎಲ್ಲ ದಾಟಿ ನೇರ ಎಂಜಿನ್ನಿನ ಚಿತ್ರಕ್ಕೆ ಬಂದ. "ಮಾವಾ, ಇದನ್ನ ಬಿಚ್ಚಿ ಪಂಪಿಗೆ ಕಟ್ಟಿದ್ರ ಎಷ್ಟಿಂಚು ನೀರು ಎತ್ತೀತು?" ಆ ದಿನ ಸಾವ್ಕಾರ್ರು ಊಟ ಮಾಡದೆ ಬಂದರು. ಕಂಪ್ಲಿಯಲ್ಲಿ ಊಟ ಬಿಟ್ಟು ಬರುವುದೆಂದರೆ ಸಣ್ಣ ಸಿಟ್ಟಲ್ಲ.

ಕಂಪ್ಲಿಯ ಸೇತುವೆಯೇ ಅವರಿಗೆ ಇನ್ನೊಂದು ತಲೆನೋವು. ಬೋಟಿನ ಮೇಲ್ಛಾವಣಿ ಸೇತುವೆಯ ಕೆಳಗೆ ಹಿಡಿಯಬೇಕಲ್ಲ. ಬೇಸಿಗೆಯಲ್ಲಿ ಛಾವಣಿಗೆ ಬೇಕಾದಷ್ಟು ಜಾಗವಿದೆ, ಆದರೆ ಬೋಟಿಗೆ ನೀರಿಲ್ಲ. ಮಳೆಗಾಲದಲ್ಲಿ ಡ್ಯಾಮಿನಿಂದ ಲಕ್ಷ ಕ್ಯೂಸೆಕ್ ಮೀರಿ ಬಿಟ್ಟಾಗ ನೀರು ಬೇಕಾದಷ್ಟಿದೆ, ಆದರೆ ಸೇತುವೆಯೇ ಮುಳುಗಿ ಗಂಗಾವತಿ ಬಸ್ಸು ನಿಲ್ಲುತ್ತದೆ. "ಹಂಗಾದ್ರ ಸೇತುವೆ ಮ್ಯಾಲಿಂದ ಹೋಗಬೇಕಾಗ್ತದ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಅಂಥ ಹೊತ್ತಿನಲ್ಲಿ ಹಂಪಿಯಲ್ಲಿ ಪುರಂದರ ಮಂಟಪ ನೀರೊಳಗೆ ಹೋಗಿರುತ್ತದೆ, ತೆಪ್ಪ ಬಿಡಬಾರದೆಂದು ಅಧಿಕಾರಿಗಳು ಹುಕುಂ ಹೊರಡಿಸಿರುತ್ತಾರೆ. ಅದನ್ನು ಅವರು ಬರೆದುಕೊಂಡಿಲ್ಲ.

ಒಮ್ಮೆ ನನ್ನನ್ನೂ ಅಳತೆಗೆ ಕರೆದೊಯ್ದರು. ಬೋಟು ಟ್ರೇಲರಿನ ಮೇಲೆ ಬರಬೇಕು. ಕಮಲಾಪುರದಿಂದ ನದಿಗೆ ಇಳಿಯುವ ದಾರಿಯಲ್ಲಿ ತಳವಾರಘಟ್ಟದ ಕಲ್ಲಿನ ಬಾಗಿಲಿದೆ. ಬೋಟಿನ ಅಗಲ ಎಂಟೂವರೆ ಅಡಿ. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅವರು ಅತ್ತ ಹೊರಟರು. ಟೇಪು ಆಚೆ ಗೋಡೆ ಮುಟ್ಟುವ ಮೊದಲೇ ಎಲ್ಲಿಂದಲೋ ಸೀಟಿ ಕೇಳಿಸಿತು. ಖಾಕಿ ಹಾಕಿದ ಹುಡುಗ ಓಡಿ ಬಂದು, ನಾವು ಯಾವ ಇಲಾಖೆ ಎಂದು ಕೇಳಿದ. ಸಾವ್ಕಾರ್ರು ಟೋಪಿ ಸರಿ ಮಾಡಿಕೊಂಡು "ನೇವಿ" ಎಂದರು. ಹುಡುಗ ಸೆಲ್ಯೂಟ್ ಹೊಡೆಯುವುದೋ ಬೈಯುವುದೋ ತಿಳಿಯದೆ ನಮ್ಮನ್ನು ದಂಡೆಗೆ ಬಿಟ್ಟ.

ದಂಡೆಯಲ್ಲಿ ಅಂಬಿಗ ತೆಪ್ಪ ಬೋರಲು ಹಾಕಿಕೊಂಡು ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಬಿದಿರ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಸಾವ್ಕಾರ್ರು ಫೋಟೊ ತೋರಿಸಿದರು. ಅವನು ಡಾಂಬರಿನ ಕೈ ತಗಲದಂತೆ ಮೊಣಕೈಯಿಂದ ಫೋನು ಒತ್ತಿ ಹಿಡಿದು ನೋಡಿದ.

"ಚೆಂದ ಐತ್ರಿ ಸಾವ್ಕಾರ್ರ. ಇದಕ್ಕ ನೀರು ಎಷ್ಟು ಬೇಕ್ರಿ?"

"ಎರಡೂವರೆ ಅಡಿ ಸಾಕಪ."

ಅಂಬಿಗ ಹುಟ್ಟು ಎತ್ತಿ ನದಿಗೆ ತೋರಿಸಿದ. "ಇಲ್ಲಿ ಒಂದೂವರೆ. ಅಲ್ಲಿ ಕಲ್ಲು. ಆ ಕಲ್ಲಿನಾಚೆ ಮಡುವು, ಕೈಗೆ ಸಿಗಂಗಿಲ್ಲ, ಮೊಸಳಿ ಅದಾವ. ಮತ್ತ ಕಲ್ಲು." ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ತರ್ರಿ. ನಾವು ಹತ್ತು ಮಂದಿ ಬರ್ತೀವಿ. ಕಲ್ಲು ಬಂದಲ್ಲೆಲ್ಲ ಎತ್ತಿ ಆಚಿಗಿಡ್ತೀವಿ. ನೀವು ಒಳಗೇ ಕುಂತಿರ್ರಿ."

ಹೇಳಿ, ತನ್ನ ತೆಪ್ಪವನ್ನು ತಾನೊಬ್ಬನೇ ಬೆನ್ನಿಗೇರಿಸಿಕೊಂಡು ನೀರಿನತ್ತ ಹೋದ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಯಸ್ ಇದೇ ಹೊಳೆಯಲ್ಲಿ ಚರ್ಮ ಹೊದಿಸಿದ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಅದರಲ್ಲಿ ದಾಟಿಸಬಹುದಿತ್ತಂತೆ. ಪಯಸ್ ಸಮುದ್ರ ದಾಟಿ ಬಂದವನು, ಹಡಗು ಗೊತ್ತಿಲ್ಲದವನಲ್ಲ. ಐನೂರು ವರ್ಷದಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ, ಅಷ್ಟೇ. ನಾನು ಇದನ್ನು ಸಾವ್ಕಾರ್ರಿಗೆ ಹೇಳಿದೆ. "ಅದರಾಗ ಬಾತ್‌ರೂಂ ಐತೇನ್ರಿ?" ಎಂದರು.

ಹೊಳೆ ಆಗದಿದ್ದರೆ ಡ್ಯಾಮಿನ ಹಿನ್ನೀರು. 378 ಚದರ ಕಿಲೋಮೀಟರಿನ ಕೆರೆ, ಕಣ್ಣಿಗೆ ಸಮುದ್ರವೇ. ಸಾವ್ಕಾರ್ರು ಅಲ್ಲಿಗೊಂದು ಜೆಟ್ಟಿಯ ನಕ್ಷೆ ಬರೆದರು. ನೀರು 1633 ಅಡಿಗೆ ಬಂದಾಗ ಬೋಟು ಜೆಟ್ಟಿಗೆ ಸರಿಯಾಗಿ ನಿಲ್ಲುತ್ತದೆ. ಏಪ್ರಿಲ್ಲಿನಲ್ಲಿ ಅದೇ ಜಾಗದಲ್ಲಿ ಕುರಿ ಮೇಯುತ್ತವೆ, ನೀರು ಮೈಲಿಗಟ್ಟಲೆ ಆಚೆಗಿರುತ್ತದೆ. ಅದಕ್ಕೆ ಜೆಟ್ಟಿಗೆ ಗಾಲಿ ಹಾಕಿದರು. ಆ ಗಾಲಿ ಕೆಸರಿನಲ್ಲಿ ಹೂತರೆ ಟ್ರ್ಯಾಕ್ಟರು, ಟ್ರ್ಯಾಕ್ಟರು ಹೂತರೆ ಸಂಡೂರಿನ ಬೀಗರು. ಹೂಳಿನ ಲೆಕ್ಕವೂ ಅವರಲ್ಲಿದೆ: ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಹಿಡಿಯುವುದು 105 ಚಿಲ್ಲರೆ. "ಉಳಿದಿದ್ದು ನನ್ನ ಬೋಟಿಗೆ ತಾಗ್ತದ" ಎಂದು ಅದನ್ನು ವೈಯಕ್ತಿಕವಾಗಿ ತೆಗೆದುಕೊಂಡಿದ್ದಾರೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆಗ ಇಡೀ ಊರು ಎರಡನೇ ಬೆಳೆಯ ಚಿಂತೆಯಲ್ಲಿತ್ತು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸುವವರೆಗೆ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಸಾವ್ಕಾರ್ರ ಮುಖದಲ್ಲಿ ಮಾತ್ರ ಒಂದು ವಿಚಿತ್ರ ಕಳೆ. "ಹೋದ ವರ್ಷನೇ ಬೋಟು ತಗೊಂಡಿದ್ದರ ಏನಾಗ್ತಿತ್ತು? ನಲವತ್ತು ಲಕ್ಷ ಆ ಗೇಟಿನಾಗ ಹೋಗ್ತಿತ್ತು!" ಆ ನಲವತ್ತು ಲಕ್ಷ ಉಳಿಸಿದ್ದನ್ನು ಅವರು ಆದಾಯವೆಂದೇ ಎಣಿಸುತ್ತಾರೆ. ಮರುವರ್ಷ ಗೇಟುಗಳು ಹಳತಾಗಿವೆಯೆಂದು ನೀರನ್ನು 80 ಟಿಎಂಸಿ ಆಸುಪಾಸಿಗೇ ನಿಲ್ಲಿಸಿದಾಗ ಇನ್ನೊಮ್ಮೆ ಉಳಿಸಿದರು.

ಕಾನೂನಿನಲ್ಲಿ ಅವರನ್ನು ಸೋಲಿಸಲಾರಿರಿ. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಎಂಜಿನ್ನಿರುವ ಬೋಟಿಗೆ ಸರ್ವೆ, ನೋಂದಣಿ ಆಗಬೇಕು. ಅದರ ಪ್ರತಿ ಅವರ ಬ್ಯಾಗಿನಲ್ಲಿದೆ. ಅದಕ್ಕಿಂತ ದೊಡ್ಡ ಅಸ್ತ್ರ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ. ದೇಶದ 111 ಜಲಮಾರ್ಗಗಳ ಪಟ್ಟಿಯಲ್ಲಿ ನಮ್ಮ ತುಂಗಭದ್ರೆ 104ನೆಯದು. ಬೇಸಿಗೆಯಲ್ಲಿ ಎಮ್ಮೆ ನಡೆದುಕೊಂಡೇ ದಾಟುವ ಹೊಳೆ ಕಾಗದದ ಮೇಲೆ ಹೆದ್ದಾರಿ. "ನ್ಯಾಷನಲ್ ಹೈವೇ ಮ್ಯಾಲೆ ಗಾಡಿ ಬಿಡಬ್ಯಾಡ ಅನ್ನಾಕ ಯಾರಿಗೈತಿ ಅಧಿಕಾರ?" ಎಂದು ಮೇಜು ಕುಟ್ಟಿದರು.

ಮೊಮ್ಮಗಳು ಅಲ್ಲೇ ಹೋಂವರ್ಕ್ ಮಾಡುತ್ತಿತ್ತು. "ತಾತಾ, ನೀರುನಾಯಿಗೈತಿ" ಎಂದಿತು. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ: ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಸಾವ್ಕಾರ್ರು ಬೋಟು ಬಿಡಬೇಕೆಂದಿರುವುದು ಸರಿಯಾಗಿ ಅದೇ 34 ಕಿಲೋಮೀಟರಿನಲ್ಲಿ. ಆ ದಿನದಿಂದ ಅವರು ಕರೆಂಟಿನಲ್ಲಿ ಓಡುವ, ಸದ್ದಿಲ್ಲದ ಬೋಟು ನೋಡಲು ಶುರುಮಾಡಿದ್ದಾರೆ. ಚಾರ್ಜಿಂಗ್ ಪಾಯಿಂಟ್ ಎಲ್ಲಿ ಹಾಕಿಸುವುದೆಂದು ಹೊಸ ನೋಟ್‌ಬುಕ್ ಬಂದಿದೆ.

ಇಷ್ಟೆಲ್ಲದರ ನಡುವೆ ಸಾವ್ಕಾರ್ತಿ ಒಂದೇ ಒಂದು ದಿನವೂ ಬೇಡ ಎಂದವರಲ್ಲ. ನನಗದೇ ಸೋಜಿಗ. ಕೇಳಿದೆ. ಅವರು ಚಹಾದ ಲೋಟ ಕೊಡುತ್ತ ತಣ್ಣಗೆ ಅಂದರು: "ಬ್ಯಾಡ ಯಾಕ ಅನ್ಲಿ ಮೇಷ್ಟ್ರೇ? ಅವರ ಜೋಡೀದಾರ ಕುದುರಿ ನೋಡಾಕ ಹೋದವರು ತಂದೇಬಿಟ್ರು. ಈಗ ಅವರ ಮನ್ಯಾಗ ಹುಲ್ಲು ಹಾಕೋರು ಯಾರು? ಅವರ ಹೆಂಡ್ತಿ. ನಮ್ಮದು ಬೋಟು. ಹುಲ್ಲು ತಿನ್ನಂಗಿಲ್ಲ, ಬರಂಗೂ ಇಲ್ಲ."

ಈ ವರ್ಷ ಡ್ಯಾಮು ತುಂಬಿದ ಮೇಲೆ ಬುಕ್ ಮಾಡುವುದು ಖಂಡಿತ ಎಂದಿದ್ದಾರೆ. ಕಾರವಾರ, ಮಂಗಳೂರು, ಗೋವಾದ ಕಡೆ ಹಳೇ ಬೋಟು ಮಾರಲಿಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಬಿಳಿ ಟೋಪಿ, ಸಣ್ಣ ಸುತ್ತಿಗೆಯ ಹಿರಿಯರೊಬ್ಬರು ಬಂದರೆ ಕೂರಿಸಿ, ಚಹಾ ಕೊಡಿ, ಕೇಳಿದ್ದಕ್ಕೆಲ್ಲ ಉತ್ತರಿಸಿ. ಅಡ್ವಾನ್ಸ್ ಕೈಗೆ ಬರುವವರೆಗೆ ಪೇಂಟು ಮಾತ್ರ ಹೊಡೆಸಬೇಡಿ.