ಇನ್ನೆರಡು ಅಡಿ

ನನ್ನ ಭಾವಮೈದುನ ಕೋಲಾರದ ಹತ್ತಿರದ ತನ್ನ ತೋಟದಲ್ಲಿ 6 ಬೋರ್‌ವೆಲ್ ಕೊರೆಸಿದವನು. ಐದು ಫೇಲಾಗಿದ್ದವು. ಆರನೆಯದು 1200 ಅಡಿ ಇಳಿದರೂ ಧೂಳನ್ನೇ ಉಗುಳುತ್ತಿದ್ದಾಗ, ಅಡಿಗಿಷ್ಟು ಅಂತ ದುಡ್ಡು ಎಣಿಸುವ ಲಾರಿಯವನೇ ಮರುಗಿ ‘ಸಾಕು ಬಿಡಿ ಸ್ವಾಮಿ’ ಅಂದ. ಇವನು ಒಮ್ಮೆ ಕುಳಿಯ ಕಡೆ, ಒಮ್ಮೆ ಆಕಾಶದ ಕಡೆ ನೋಡಿ, ‘ಇನ್ನೊಂದು ಐವತ್ತಡಿ ಇಳಿಸಪ್ಪ’ ಅಂದ. ಅಷ್ಟೇ ಶ್ರದ್ಧೆಯಿಂದ ಈ ಮಾತಾಡುವ ಇನ್ನೊಬ್ಬ ಮನುಷ್ಯ ಭೂಮಿಯ ಮೇಲಿರಲಾರ ಅಂದುಕೊಂಡಿದ್ದೆ. ಇದ್ದ. ಅಲಾಸ್ಕದಲ್ಲಿ.

ಮಗಳು, ಅಳಿಯ ಫೇರ್‌ಬ್ಯಾಂಕ್ಸ್ ಊರಿನಲ್ಲಿದ್ದಾರೆ. ಆರು ತಿಂಗಳ ವೀಸಾದ ಮೇಲೆ ಹೋಗುವ ಎಲ್ಲ ಅಪ್ಪ ಅಮ್ಮಂದಿರಂತೆ ನಾವೂ ಚಟ್ನಿಪುಡಿ, ಸಾರಿನಪುಡಿ, ಎರಡು ಕುಕ್ಕರ್ ಗ್ಯಾಸ್ಕೆಟ್ ಹೊತ್ತುಕೊಂಡು ಮೇ ತಿಂಗಳಲ್ಲಿ ಹೋಗಿ ಇಳಿದೆವು. ಆ ಊರಿನ ಬೇಸಿಗೆಯ ಬಗ್ಗೆ ಒಂದೇ ಮಾತು ಹೇಳುತ್ತೇನೆ: ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ಮಧ್ಯರಾತ್ರಿ ದಾಟಿದ ಮೇಲೆ. ಸಂಧ್ಯಾವಂದನೆ ಮಾಡೋಣವೆಂದರೆ ಸಂಧ್ಯೆಯೇ ಕೈಗೆ ಸಿಗುವುದಿಲ್ಲ. ನಿದ್ದೆ ಬಾರದೆ ಕಿಟಕಿಯಲ್ಲಿ ನಿಂತವನಿಗೆ ಮೊದಲು ಕಂಡವನೇ ಪಕ್ಕದ ಮನೆಯವನು. ರಾತ್ರಿ 11 ಗಂಟೆಯ ಬಿಸಿಲಿನಲ್ಲಿ ಅಂಗಳದಲ್ಲಿ ಒಂದು ಯಂತ್ರಕ್ಕೆ ಎಣ್ಣೆ ಬಿಡುತ್ತಾ, ಅದರ ಜೊತೆ ಮಾತಾಡುತ್ತಾ ಇದ್ದ. ಅವನ ನಿಜವಾದ ಹೆಸರು ನನ್ನವಳ ನಾಲಿಗೆಗೆ ಒಗ್ಗಲಿಲ್ಲ. ಕಸುಬು ತಿಳಿದ ಮರುದಿನವೇ ‘ಚಿನ್ನಪ್ಪ’ ಎಂದು ನಾಮಕರಣ ಮಾಡಿಬಿಟ್ಟಳು.

ಆ ಯಂತ್ರಕ್ಕೆ ಡ್ರೆಜ್ ಅನ್ನುತ್ತಾರೆ. 34 ವರ್ಷ ರಸ್ತೆ, ಸೇತುವೆ, ಕೆರೆ ಏರಿ ಅಂತ ಸರ್ಕಾರಿ ಎಂಜಿನಿಯರಿಕೆ ಮಾಡಿದವನು ನಾನು. ಮೋಟರು ಪಂಪು ಕಂಡರೆ ಬೇಲಿ ನಿಲ್ಲಿಸುವುದಿಲ್ಲ, ದಾಟಿ ಹೋದೆ. ತೇಲುವ ಎರಡು ದೋಣಿಬುಡಗಳ ಮೇಲೆ ಒಂದು ಪೆಟ್ರೋಲ್ ಎಂಜಿನ್ನು, ಪಂಪು. ಪಂಪು ನದಿಯ ನೀರನ್ನೇ ಎತ್ತಿ, ಸಣ್ಣ ಬಾಯಿಯಿಂದ ರಭಸವಾಗಿ ದೊಡ್ಡ ಪೈಪಿನೊಳಕ್ಕೆ ನುಗ್ಗಿಸುತ್ತದೆ. ಆ ರಭಸಕ್ಕೆ ಪೈಪಿನ ಇನ್ನೊಂದು ತುದಿ ನದಿತಳದ ಮರಳು, ಜಲ್ಲಿ, ಕಲ್ಲು ಎಲ್ಲವನ್ನೂ ಹೀರಿಕೊಂಡು ಬಂದು ಮೇಲಿನ ಇಳಿಜಾರು ತೊಟ್ಟಿಗೆ ಸುರಿಯುತ್ತದೆ. ತೊಟ್ಟಿಯಲ್ಲಿ ಅಡ್ಡಪಟ್ಟಿಗಳು, ಅವುಗಳ ಕೆಳಗೆ ಕಂಬಳಿಯಂಥ ಹಾಸು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಮರಳು ಮೂರು ಪಟ್ಟೂ ಇಲ್ಲ. ಹಗುರವಾದದ್ದು ಹರಿದು ಮತ್ತೆ ನದಿಗೆ ಬೀಳುತ್ತದೆ, ಭಾರವಾದದ್ದು ಪಟ್ಟಿಗಳ ಮರೆಯಲ್ಲಿ ಕೂರುತ್ತದೆ. ಪೈಪಿನ ಬಾಯಿ 4 ಇಂಚು, ಆದ್ದರಿಂದ ಇದು ನಾಲ್ಕಿಂಚಿನ ಡ್ರೆಜ್. ಇದನ್ನು ಹೇಳುವಾಗ ಚಿನ್ನಪ್ಪನ ಮುಖದಲ್ಲಿ ಒಂದು ನೋವಿನ ಎಳೆ ಸುಳಿಯಿತು. ಲೋಕದಲ್ಲಿ ಆರಿಂಚಿನವೂ ಇವೆ.

ಕೊನೆಯ ಕೆಲಸ ಮಾತ್ರ ಕೈಯದು. ಹಾಸು ಒದರಿದಾಗ ಉಳಿಯುವ ಕರಿಮರಳನ್ನು ಅಗಲವಾದ ತಟ್ಟೆಯಲ್ಲಿ ನೀರು ಬಿಟ್ಟು ಕುಲುಕಬೇಕು. ಚಿನ್ನಪ್ಪ ಅಂಗಳದ ಟಬ್ಬಿನಲ್ಲಿ, ಚಿನ್ನದ ಬದಲು ಸೀಸದ ಗುಂಡು ಹಾಕಿ, ವರ್ಷಗಟ್ಟಲೆ ಸಾಧನೆ ಬೇಕು ಅನ್ನುತ್ತಾ ಮಾಡಿ ತೋರಿಸಿದ. ನನ್ನವಳು ತಟ್ಟೆ ಇಸಕೊಂಡು ನಾಲ್ಕು ಸಲ ಕುಲುಕಿ, ನೀರು ಬಸಿದು, ತಳದಲ್ಲಿ ಬರೀ ಸೀಸ ನಿಲ್ಲಿಸಿ ಅವನ ಕೈಗಿಟ್ಟಳು. ಅವನು ಬಾಯಿ ಬಿಟ್ಟುಕೊಂಡು ನಿಂತ. ‘ಇದೇನ್ರೀ, ಅಕ್ಕಿ ಜಾಲಿಸೋದು! ನಾವು ಕಲ್ಲು ಬಿಟ್ಟು ಅಕ್ಕಿ ಇಟ್ಕೋತೀವಿ, ಈ ಪುಣ್ಯಾತ್ಮ ಅಕ್ಕಿ ಚೆಲ್ಲಿ ಕಲ್ಲು ಇಟ್ಕೋತಾನೆ’ ಅಂದಳು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೇ ಮರಳು ತೊಳೆದು ಹೊನ್ನು ಹೆಕ್ಕುತ್ತಿದ್ದವರಿಗೆ ಜಾಲಗಾರರು ಅಂತಲೇ ಹೆಸರು ಎಂದು ನಾನು ಸೇರಿಸಿದೆ. ಅವರು ಎಂಥ ಎಂಜಿನ್ ಬಳಸುತ್ತಿದ್ದರು ಎಂದು ಚಿನ್ನಪ್ಪ ಕೇಳಿದ.

ಇಂಥವರದು ಒಂದು ಜಾತಿ. ಊರಲ್ಲಿದ್ದಾಗ ಅರ್ಧ ಮನುಷ್ಯ. ಚಳಿಗಾಲವಿಡೀ ಹಲ್ಲುನೋವು ಬಂದವನ ಹಾಗೆ ಗ್ಯಾರೇಜಿನಲ್ಲಿ ಅಡ್ಡಾಡುತ್ತಾನೆ. ಮಂಜು ಕರಗಿ ರಸ್ತೆ ತೆರೆಯಿತು ಅಂದರೆ ಜೀವ ಬರುತ್ತದೆ. ಗುಂಪು ಕಟ್ಟುವವನಲ್ಲ. ಜೊತೆಗೊಬ್ಬ ಇದ್ದರೆ ಕೆಲಸ ಎರಡರಷ್ಟಾಗುತ್ತದೆ ಅನ್ನುವುದು ನಿಜ, ಆದರೆ ಚಿನ್ನ ಸಿಗುವ ಜಾಗ ಇಬ್ಬರಿಗೆ ಗೊತ್ತಾಗುತ್ತದಲ್ಲ! ಎಲ್ಲಿ ಕೆಲಸ ಮಾಡುತ್ತೀಯ ಎಂದು ಕೇಳಿದರೆ ಕೈಬೀಸಿ ಪೂರ್ವದಿಕ್ಕಿನ ಅರ್ಧ ಅಲಾಸ್ಕವನ್ನು ತೋರಿಸುತ್ತಾನೆ.

ಮೂಲದಲ್ಲಿ ಕ್ಯಾಲಿಫೋರ್ನಿಯದವನು. 1848ರ ಜನವರಿಯಲ್ಲಿ ಕೊಲೋಮಾದ ಗರಗಸದ ಕಾರ್ಖಾನೆಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನ ಹೊಳೆದದ್ದನ್ನು ನಿನ್ನೆ ಸಂಜೆ ತಾನೇ ಪಕ್ಕದಲ್ಲಿ ನಿಂತು ಕಂಡವನಂತೆ ವರ್ಣಿಸುತ್ತಾನೆ. ಆ ಗದ್ದಲದಲ್ಲಿ ಮೊದಲು ದುಡ್ಡು ಕಂಡವನು ಚಿನ್ನ ತೆಗೆದವನಲ್ಲ, ತಟ್ಟೆ ಸಲಿಕೆ ಮಾರಿದ ಸ್ಯಾಮ್ ಬ್ರಾನನ್ ಎಂಬ ಅಂಗಡಿಯವನು. ಈ ಕಥೆಯನ್ನೂ ಅವನೇ ಹೇಳಿದ, ನಗುತ್ತಾ, ಸುತ್ತ ಐದು ಬಗೆಯ ತಟ್ಟೆ, ಮೂರು ಬಗೆಯ ಸಲಿಕೆ ಇಟ್ಟುಕೊಂಡು. 2009ರಲ್ಲಿ ಆ ರಾಜ್ಯ ಡ್ರೆಜ್ಜುಗಳನ್ನು ತಡೆಯಿತು: ಮೀನಿನ ಮೊಟ್ಟೆಗಳಿಗೆ ಕೇಡು, ಹಳೆಯ ಗಣಿಗಾರರು ಬಿಟ್ಟುಹೋದ ಪಾದರಸ ತಳದಿಂದ ಎದ್ದು ನೀರಿಗೆ ಬೆರೆಯುತ್ತದೆ ಎಂದು. ಇವನು ಅಲಾಸ್ಕಕ್ಕೆ ಬಂದದ್ದು ಅದಕ್ಕೇ. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಸರ್ಕಾರದ ಕಡೆಯೇ ನಿಂತಿತು. ನನ್ನನ್ನು ಕೇಳಿದರೆ ನಾನು ಮೀನಿನ ಪಕ್ಷ. ಆದರೆ ಅಂಗಳದಲ್ಲಿ ಕೂತು ಅವನ ಕಾಫಿ ಕುಡಿಯುತ್ತಾ ಅದನ್ನು ಹೇಳುವಷ್ಟು ಧೈರ್ಯವಂತನಲ್ಲ.

ಅವನ ಲೆಕ್ಕದ ಪುಸ್ತಕ ನೋಡಬೇಕು ನೀವು. ಜಮಾ ಪುಟಗಳು ಮುತ್ತಿನಂಥ ಅಕ್ಷರ: ತಾರೀಖು, ಜಾಗ, ಗ್ರೇನುಗಳಲ್ಲಿ ತೂಕ. ಖರ್ಚಿನ ಪುಟ ಇಲ್ಲ. ಪೆಟ್ರೋಲು? ‘ಅದು ಹೇಗೂ ಬೇಕಲ್ಲ.’ ಹೊಸ ರಬ್ಬರ್ ಉಡುಪು? ‘ಅದು ಆರೋಗ್ಯದ ಬಾಬತ್ತು.’ ಹೊಸ ಪೈಪು? ‘ಮುಂದಿನ ವರ್ಷಕ್ಕೂ ಬರುತ್ತೆ.’ ನನ್ನ ಭಾವಮೈದುನನೂ ಹೀಗೇ: ‘ಕೇಸಿಂಗ್ ಪೈಪ್ ಎಲ್ಲಿ ಹೋಯ್ತು ಭಾವ, ನೆಲದಲ್ಲೇ ಇದೆಯಲ್ಲ!’ ಹೆಚ್ಚಿಗೆ ಕೆದಕಿದರೆ ಇಬ್ಬರದೂ ಒಂದೇ ಉತ್ತರ: ಒಂದು ಸಲ ಸಿಕ್ಕಿತು ಅಂದರೆ ಎಲ್ಲಾ ಚುಕ್ತಾ.

ತೆಗೆದ ಚಿನ್ನವನ್ನು ಮಾರುವುದೂ ಇಲ್ಲ. ಬೆರಳುದ್ದದ ಗಾಜಿನ ಕುಪ್ಪಿಗಳಲ್ಲಿ ನೀರು ತುಂಬಿ ಇಡುತ್ತಾನೆ. ನೀರಿನಲ್ಲಿ ಚಿನ್ನ ದೊಡ್ಡದಾಗಿ ಕಾಣುತ್ತದೆ. ಅವನ ಹೆಂಡತಿ ಬೇಸಿಗೆ ಬಂತೆಂದರೆ ತನ್ನ ಅಕ್ಕನ ಮನೆಗೆ ಹೊರಟುಬಿಡುವವಳು. ಹೊರಡುವ ಮುನ್ನ ನನ್ನವಳಿಗೆ ತನ್ನ ಮದುವೆಯ ಉಂಗುರ ತೋರಿಸಿದಳು. ಅಂಗಡಿಯದು, ಕಂತಿನಲ್ಲಿ ಕೊಂಡದ್ದು. ಇಷ್ಟು ವರ್ಷ ನದಿ ಬಗೆದೂ ಒಂದು ಉಂಗುರ ಮಾಡಿಸಲಿಲ್ಲವೇ ಎಂದು ನಾವು ಕೇಳಿದ್ದಕ್ಕೆ ಚಿನ್ನಪ್ಪ ಗಾಬರಿಯಾದ. ‘ಕರಗಿಸಿಬಿಟ್ಟರೆ ಅದು ನದೀದು ಅಂತ ಹೇಗೆ ಗೊತ್ತಾಗುತ್ತೆ?’

ಜೂನ್ ಮೊದಲ ವಾರ ಹೊರಟು ಹೋದ. ಆಗಸ್ಟಿನ ಕೊನೆಗೆ, ಹಂಗಾಮಿನ ಕಡೆಯ ತೊಳೆತಕ್ಕೆ, ಬನ್ನಿ ಎಂದು ಹೇಳಿಕಳಿಸಿದ. ಇಡೀ ಬೇಸಿಗೆ ಮನುಷ್ಯರ ಮುಖ ಕಾಣದವನಿಗೆ ಸಾಕ್ಷಿಗಳು ಬೇಕಾಗಿರಬೇಕು. ಜಾಗ ಫಾರ್ಟಿಮೈಲ್ ನದಿ. ಚಿನ್ನಕ್ಕೆ ಪ್ರಸಿದ್ಧವಾದ ಕ್ಲೋಂಡೈಕ್‌ನ ಹೆಸರು ಕೇಳುವುದಕ್ಕೂ 10 ವರ್ಷ ಮೊದಲೇ, 1886ರಲ್ಲೇ, ಚಿನ್ನ ಸಿಕ್ಕಿದ ನದಿ. ಹತ್ತಿರದ ಊರಿನ ಹೆಸರು ಚಿಕನ್. ಅಲ್ಲಿ ಹೇರಳವಾಗಿದ್ದ ಟಾರ್ಮಿಗನ್ ಎಂಬ ಹಕ್ಕಿಯ ಹೆಸರಿಡೋಣ ಎಂದು ಹಳೆಯ ಗಣಿಗಾರರು ಹೊರಟರಂತೆ. ಆ ಇಂಗ್ಲಿಷ್ ಪದದ ಮೊದಲಿಗೆ ಉಚ್ಚಾರವಿಲ್ಲದ ಒಂದು ‘ಪಿ’ ಇದೆ. ಕಾಗುಣಿತಕ್ಕೆ ಜಗಳವಾಗಿ, ಎಲ್ಲರಿಗೂ ಬರೆಯಲು ಬರುವ ಹಕ್ಕಿಯ ಹೆಸರೇ ಇರಲಿ ಎಂದು ಚಿಕನ್ ಅಂದರಂತೆ. ಫೋನಿನಲ್ಲಿ ನಮ್ಮಣ್ಣನಿಗೆ ‘ನಾಳೆ ಚಿಕನ್‌ಗೆ ಹೋಗ್ತಿದ್ದೀವಿ’ ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ‘ಈ ವಯಸ್ಸಿನಲ್ಲಿ ಯಾಕೋ...’ ಅಂದ.

ಹತ್ತಿರ ಹತ್ತಿರ 300 ಮೈಲಿ. ಆಮೇಲೆ ಅಳಿಯ ರಸ್ತೆ ಬಿಟ್ಟು ಗುಡ್ಡ ಇಳಿಸಿದ. ನೀರಿನ ನಡುವೆ ಡ್ರೆಜ್ ಗುಡುಗುಡು ಅನ್ನುತ್ತಿತ್ತು, ಮನುಷ್ಯನ ಸುಳಿವಿಲ್ಲ. ಎಂಜಿನ್ನಿನಿಂದ ಒಂದು ಹಳದಿ ಕೊಳವೆ ನೀರೊಳಗೆ ಇಳಿದಿತ್ತು. ಅದರ ತುದಿಯಲ್ಲಿ ಚಿನ್ನಪ್ಪ. ಪಂಪು ತಿರುಗಿಸುವ ಎಂಜಿನ್ನೇ ಒಂದು ಪುಟ್ಟ ಕಂಪ್ರೆಸರನ್ನೂ ತಿರುಗಿಸಿ ಅವನಿಗೆ ಉಸಿರು ಕಳಿಸುತ್ತದೆ. ಪೆಟ್ರೋಲ್ ಮುಗಿದರೆ? ಗಾಳಿ ಕೂಡಿಡುವ ಸಣ್ಣ ಟ್ಯಾಂಕಿನಲ್ಲಿ ಇರುವಷ್ಟು. ಅಷ್ಟರೊಳಗೆ ಮೇಲೆ ಬರಬೇಕು. ಸೊಂಟಕ್ಕೆ ಬೇರೆ, ತೇಲದಿರಲೆಂದು ಸೀಸದ ಪಟ್ಟಿ. ನಮ್ಮ ಕಡೆ ಪೆಟ್ರೋಲ್ ಮುಗಿದರೆ ಗಾಡಿ ತಳ್ಳುತ್ತೇವೆ, ಬೈದುಕೊಳ್ಳುತ್ತೇವೆ, ಮುಗಿಯಿತು. ಇಲ್ಲಿ ಬೈಯಲೂ ಉಸಿರಿರುವುದಿಲ್ಲ. ಜೊತೆಗೆ, ಹೀರಿಹೀರಿ ಬುಡ ಸಡಿಲವಾದ ಬಂಡೆ ಯಾವ ಗಳಿಗೆಯಲ್ಲಿ ಉರುಳುತ್ತದೋ ತಿಳಿಯದು. ಇದಿಷ್ಟನ್ನೂ ದಡದಲ್ಲಿ ಒಬ್ಬ ಕಾವಲುಗಾರನೂ ಇಲ್ಲದೆ ಮಾಡುತ್ತಾನೆ, ಅರವತ್ತು ದಾಟಿದ ಮನುಷ್ಯ. ತಮಾಷೆ ಮಾಡುತ್ತಾ ಬಂದವನಿಗೆ ಆ ಹಳದಿ ಕೊಳವೆ ನೋಡಿ ಗಂಟಲು ಸ್ವಲ್ಪ ಒಣಗಿತು ಅಂತ ಒಪ್ಪಿಕೊಳ್ಳುತ್ತೇನೆ.

ಮೇಲೆ ಬಂದ. ಗಡ್ಡ ಬೆಳೆದಿತ್ತು, ಬೆರಳುಗಳು ಒಗೆದ ಬಟ್ಟೆಯಂತೆ ಸುಕ್ಕಾಗಿದ್ದವು. ಬೇಸಿಗೆಯಿಡೀ ಕೂಡಿಟ್ಟ ಮಾತೆಲ್ಲ ಒಂದೇ ಗಂಟೆಯಲ್ಲಿ ಕಟ್ಟೆಯೊಡೆದು ಹರಿಯಿತು. ಪೈಪಿಗೆ ಕಲ್ಲು ಸಿಕ್ಕಿಹಾಕಿಕೊಂಡದ್ದು ದಿನಕ್ಕೆ ಹತ್ತು ಸಲ; ಪ್ರತಿಸಲವೂ ಮೇಲೆ ಬಂದು ಸರಳು ತೂರಿಸಿ ಕುಟ್ಟಿದ್ದು. ಗಡಾರಿ ಹಾಕಿ ಮೂರು ದಿನ ಮೀಟಿದ ಬಂಡೆಯೊಂದರ ಕೆಳಗೆ ಸಿಕ್ಕಿದ್ದು ಹಳೆಯ ಮೊಳೆ ಎರಡು. ಸೊಳ್ಳೆಯ ಮಾತಂತೂ ಬೇಡ, ಈ ನದಿಯ ಒಂದು ಕವಲಿಗೇ ಮಸ್ಕಿಟೊ ಫೋರ್ಕ್ ಅಂತ ಹೆಸರು. ನಮ್ಮ ಪುಳಿಯೋಗರೆಯನ್ನು ಡಬ್ಬಿಯ ಮೂಲೆ ಕೆರೆದು ತಿಂದ. ಚಿನ್ನವೆಲ್ಲ ತಳಬಂಡೆಯ ಬಿರುಕುಗಳಲ್ಲಿ ಕೂತಿರುತ್ತದೆ, ಮೇಲಿನ ಜಲ್ಲಿಯಲ್ಲಿ ಬರೀ ಪುಡಿ ಎಂದ. ‘ತಳಬಂಡೆ ಸಿಕ್ಕಿತೇ?’ ಎಂದೆ. ಅವನು ನದಿಯ ಕಡೆಗೊಮ್ಮೆ, ಆಕಾಶದ ಕಡೆಗೊಮ್ಮೆ ನೋಡಿದ. ನನ್ನವಳೂ ನಾನೂ ಮುಖ ಮುಖ ನೋಡಿಕೊಂಡೆವು.

‘ಇನ್ನೆರಡೇ ಅಡಿ’ ಅಂದ.

ಸಂಜೆ ಕಡೆಯ ಹಾಸು ತೊಳೆದ. ಕರಿಮರಳಿನಲ್ಲಿದ್ದ ಕಬ್ಬಿಣವನ್ನು ಅಯಸ್ಕಾಂತಕ್ಕೆ ಹತ್ತಿಸಿ ತೆಗೆದ. ಉಳಿದದ್ದನ್ನು ತಟ್ಟೆಯಲ್ಲಿ ಕುಲುಕುವ ಗೌರವವನ್ನು ನನ್ನವಳಿಗೇ ಬಿಟ್ಟುಕೊಟ್ಟ. ತಟ್ಟೆಯ ಅಂಚಿಗೆ ಅರಿಸಿನದ ಗೆರೆ ಎಳೆದಂತೆ ಚಿನ್ನ ಬಂತು. ಹೌದು, ಆ ಒಂದು ಕ್ಷಣ ನಾವು ಯಾರೂ ಉಸಿರು ಬಿಡಲಿಲ್ಲ. ಅದಕ್ಕೆ ಹಿಂದಿನ ಕುಪ್ಪಿಗಳನ್ನೂ ಸೇರಿಸಿ ತೂಗಿದರೆ, ಇಡೀ ಬೇಸಿಗೆಗೆ ಒಂದೂವರೆ ಔನ್ಸ್. ಚಿನ್ನ ತೂಗುವ ಔನ್ಸ್ ಮೂರಾದರೆ ಸರಿಯಾಗಿ 8 ತೊಲ. ಇದು 4 ತೊಲ. ಕರಗಿಸಿದರೆ ಅರ್ಧ ಟೀ ಚಮಚ. ‘ಒಂದು ಜೊತೆ ಬಳೆಗೆ ಆದೀತು. ಕೂಲಿ, ವೇಸ್ಟೇಜು ಬೇರೆ’ ಎಂದು ನನ್ನವಳು ಕನ್ನಡದಲ್ಲಿ ಗೊಣಗಿದಳು. ಅಳಿಯ ‘ಬಹಳ ಚೆನ್ನಾಗಿದೆ ಅಂತಿದ್ದಾರೆ’ ಎಂದು ಇಂಗ್ಲಿಷಿಗೆ ತಂದ. ಜಾಗ ಇನ್ನೊಬ್ಬರದು, ಇವನು ವಾರಕ್ಕೆ ಹಿಡಿದದ್ದು. ಬಂದ ಚಿನ್ನದಲ್ಲಿ ಹತ್ತರಲ್ಲೊಂದು ಪಾಲು ಅವರಿಗೆ ಹೋಗಬೇಕು. ಅದನ್ನೂ ಜಮಾ ಪುಟದಲ್ಲೇ ಬರೆದುಕೊಂಡ.

ಆಗಲೇ ನನ್ನ ಕಣ್ಣು ಡ್ರೆಜ್ಜಿನ ಹಿಂದಕ್ಕೆ ಹೋದದ್ದು. ನೀರು ಇಳಿದ ಕಡೆ, ಮೂರು ತಿಂಗಳಿಂದ ತೊಟ್ಟಿ ಉಗುಳಿದ ಮರಳು ಜಲ್ಲಿ ಉದ್ದಕ್ಕೆ ದಿಬ್ಬ ಕಟ್ಟಿತ್ತು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ ಬಿಟ್ಟೆ. ಕೈಗೆ ಮಣ್ಣು ಹತ್ತಲಿಲ್ಲ. ತೊಳೆದು ತೊಳೆದು ಸಕ್ಕರೆಯಂತಾಗಿದ್ದ ನದಿ ಮರಳು! ಜರಡಿ ಹಿಡಿದರೆ ಸಣ್ಣದು ಗಾರೆಗೆ, ದಪ್ಪದು ಕಾಂಕ್ರೀಟಿಗೆ. ‘20 ಲೋಡಿಗೆ ಮೋಸವಿಲ್ಲ’ ಎಂದು ಬಾಯಿಂದ ತಾನಾಗಿ ಬಂತು.

ಏನಂತೆ ಎಂದು ಚಿನ್ನಪ್ಪ ಕೇಳಿದ. ಹೇಳಿದೆ. ನಾನು ಚಿನ್ನದ ನಾಡಿನವನೇ. ನಮ್ಮ ಕೋಲಾರದ ಗಣಿ 3 ಕಿಲೋಮೀಟರಿಗೂ ಆಳ ಇಳಿದು 2001ರಲ್ಲಿ ಮುಚ್ಚಿತು. ಆ ಗಣಿಯೂರಿನ ಹತ್ತಿರದ ಪಾಲಾರ್ ನದಿಯಲ್ಲಿ ನೀರು ಕಾಣುವುದೇ ಅಪರೂಪ, ಇದ್ದದ್ದು ಮರಳು, ಅದನ್ನೂ ಲಾರಿಗಳು ಹೊತ್ತೊಯ್ದವು. ಈಗ ನಮ್ಮ ಕಡೆ ರಾತ್ರಿ ಹೊತ್ತು ಕೆರೆ ಪಕ್ಕ ಹೀಗೇ ಮೋಟರ್ ಇಟ್ಟು, ಪೈಪ್ ಹಾಕಿ, ಮಣ್ಣು ತೊಳೆಯುತ್ತಾರೆ. ಚಿನ್ನಕ್ಕಲ್ಲ, ಮರಳಿಗೆ. ಅದಕ್ಕೆ ಫಿಲ್ಟರ್ ಮರಳು ಅಂತ ಹೆಸರು, ಪೊಲೀಸರು ಹಿಡಿಯುತ್ತಾರೆ. ಒಳ್ಳೆಯ ನದಿ ಮರಳು ಬೇಕೆಂದರೆ ಬೆಂಗಳೂರಿನಲ್ಲಿ ಲೋಡಿಗೆ ಹತ್ತಾರು ಸಾವಿರ.

ಚಿನ್ನಪ್ಪ ಮೊದಲು ಅಳಿಯನ ಮುಖ ನೋಡಿದ, ತಮಾಷೆಯೋ ಏನೋ ಎಂದು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಊಟದ ನಡುವೆ ‘ಮರಳಿಗೆ ಕಳ್ಳರು!’ ಎಂದು ಮತ್ತೆ ನಕ್ಕ. ಡೇರೆಯೊಳಗೆ ಮಲಗಿದ ಮೇಲೂ ಆಗಾಗ ಆ ಕಡೆಯಿಂದ ಕಿಸಕ್ ಅನ್ನುವುದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು.

ಬೆಳಗಿನ ಜಾವ ಚಳಿಗೆ ಎಚ್ಚರವಾಗಿ ಹೊರಗೆ ಬಂದೆ. ನದಿಯ ಮೇಲೆ ಮಂಜು ಹಬೆಯಾಡುತ್ತಿತ್ತು. ಚಿನ್ನಪ್ಪ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಮರಳಿನ ದಿಬ್ಬದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದ.