ಬರುವ ಮಾರ್ಚಿಗೆ ಹೊರಡುವವರು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಯಾವ ಮರೀನಾಕ್ಕೆ ಬೇಕಾದರೂ ಹೋಗಿ ನೋಡಿ. ಸಾಲಾಗಿ ಕಟ್ಟಿಹಾಕಿದ ಹಾಯಿದೋಣಿಗಳ ನಡುವೆ ಒಂದರ ಮೈಮೇಲೆ ಮಾತ್ರ ಉಳಿದವಕ್ಕಿಂತ ಮೂರು ಪಟ್ಟು ಸಾಮಾನಿರುತ್ತದೆ. ಹಿಂಬದಿಯಲ್ಲಿ ಗಿರಗಿರ ತಿರುಗುವ ಗಾಳಿಯಂತ್ರ, ಅದರ ಪಕ್ಕ ಸೋಲಾರ್ ಫಲಕ, ಅಂಚಿನುದ್ದಕ್ಕೂ ಬಿಗಿದ ಹಳದಿ ಡೀಸೆಲ್ ಕ್ಯಾನುಗಳು, ಬಿಳಿ ಪೆಟ್ಟಿಗೆಯಲ್ಲಿ ಮಡಚಿಟ್ಟ ಲೈಫ್ ರಾಫ್ಟು. ಇಷ್ಟೆಲ್ಲ ಇದ್ದೂ, ದೋಣಿಯನ್ನು ದಡಕ್ಕೆ ಕಟ್ಟಿದ ಹಗ್ಗದ ಮೇಲೆ ಪಾಚಿ ಬೆಳೆದಿರುತ್ತದೆ. ಒಳಗಿಂದ ಹಣೆಗೆ ಟಾರ್ಚು ಕಟ್ಟಿಕೊಂಡ ಗಂಡಸೊಬ್ಬ ಅಂಬೆಗಾಲಿಟ್ಟು ಹೊರಬರುತ್ತಾನೆ. "ಯಾವಾಗ ಹೊರಡೋದು?" ಎಂದು ಕೇಳಿ. "ಬರೋ ಮಾರ್ಚಿಗೆ" ಎನ್ನುತ್ತಾನೆ.

ಈ ಜಾತಿಯವರು ಸಮುದ್ರವಿರುವ ಎಲ್ಲ ದೇಶಗಳಲ್ಲೂ ಇದ್ದಾರೆ. ನನ್ನ ಹಣೆಯಲ್ಲಿ ಬರೆದಿದ್ದವರು ತಿಪಟೂರಿನವರು. ಕೊಬ್ಬರಿ ಮಂಡಿಯ ಎದುರು ಹುಟ್ಟಿ ಬೆಳೆದು, ಸಾಫ್ಟ್‌ವೇರ್ ನಂಬಿ ಅಮೆರಿಕಕ್ಕೆ ಬಂದು, ಕಂಪನಿಯ ಷೇರು ಏರಿದ ವರ್ಷ ಅಲಮೀಡಾದಲ್ಲಿ ಮೂವತ್ನಾಲ್ಕು ಅಡಿಯ ಹಳೆಯ ದೋಣಿಯೊಂದನ್ನು ಕೊಂಡರು. ಅಂದಿನಿಂದ ಕನ್ನಡ ಕೂಟದಲ್ಲಿ ಅವರು ಕ್ಯಾಪ್ಟನ್. ಮೊದಮೊದಲು ಅದು ಗೌರವದ ಮಾತಾಗಿತ್ತು.

ಮಾರ್ಚೇ ಏಕೆ ಎಂದು ಅವರನ್ನು ಮಾತ್ರ ಕೇಳಬೇಡಿ, ನಾನೇ ಹೇಳುತ್ತೇನೆ, ಬೇಗ ಮುಗಿಯುತ್ತದೆ. ಅವರ ಗುರಿ ದಕ್ಷಿಣ ಪೆಸಿಫಿಕ್‌ನ ಮಾರ್ಕೇಸಸ್ ದ್ವೀಪಗಳು. ಇಲ್ಲಿಂದ ಸುಮಾರು 3,000 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿಯಂತೆ ಹಗಲೂ ರಾತ್ರಿ ನಡೆದರೆ ಇಪ್ಪತ್ತೈದು ದಿನ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಈ ಕಡೆ ಪೂರ್ವ ಪೆಸಿಫಿಕ್‌ನಲ್ಲಿ ಮೇ 15ಕ್ಕೆ ಇನ್ನೊಂದು ಶುರು. ಎರಡರ ನಡುವೆ ನುಸುಳಬೇಕು. ಹಾಗಾಗಿ ಮಾರ್ಚ್ ತಪ್ಪಿದರೆ ಏಪ್ರಿಲ್, ಏಪ್ರಿಲ್ ತಪ್ಪಿದರೆ ಮುಂದಿನ ಮಾರ್ಚ್. ಇಷ್ಟು ಅನುಕೂಲವಾದ ಪಂಚಾಂಗ ನಮ್ಮ ಯಾವ ಜೋಯಿಸರ ಹತ್ತಿರವೂ ಇಲ್ಲ.

ಅವರು ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ನಾವೆಲ್ಲ ನೆಮ್ಮದಿಯಾಗಿರುತ್ತಿದ್ದೆವು. ಅವರ ಹತ್ತಿರ ಒಂದು ಪಟ್ಟಿ ಇದೆ, ಆ ಪಟ್ಟಿಯಲ್ಲಿ ಒಂದು ಕೆಲಸ ಮುಗಿದರೆ ಎರಡು ಹುಟ್ಟುತ್ತವೆ. ಸೋಲಾರ್ ಹಾಕಿದರು, ಅದನ್ನು ಹೊರಲು ಹಿಂಬದಿಗೆ ಸ್ಟೀಲಿನ ಕಮಾನು ಬೇಕಾಯಿತು. ಕಮಾನಿನ ಭಾರಕ್ಕೆ ಹಿಂಬದಿ ತಗ್ಗಿತು. ನೀರಿನ ಗೆರೆ ಮೇಲೆ ಬಂತೆಂದು ದೋಣಿಯನ್ನು ಕ್ರೇನಿನಲ್ಲಿ ಎತ್ತಿಸಿ ಬಣ್ಣ ಹೊಡೆಸಲು ಹೋದರು. ಎತ್ತಿಸಿದ ಮೇಲೆ ಚುಕ್ಕಾಣಿ ಅಲ್ಲಾಡುವುದು ಕಂಡಿತು. ಆ ವರ್ಷದ ಮಾರ್ಚ್ ಚುಕ್ಕಾಣಿಗೆ ಹೋಯಿತು.

ಇನ್ನು ಈ ಸಾಮಾನುಗಳಿಗೆಲ್ಲ ಆಯುಷ್ಯವೆಂಬುದೊಂದಿದೆ. ಅಪಾಯದಲ್ಲಿ ಹಾರಿಸುವ ಬೆಳಕಿನ ಬಾಣಗಳಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಲೆಕ್ಕದಲ್ಲಿ 42 ತಿಂಗಳು. ಚಿಪ್ಪುಜೀವಿಗಳು ಅಂಟದಂತೆ ತಳಕ್ಕೆ ಬಳಿಯುವ ಬಣ್ಣಕ್ಕೆ ಎರಡು ಮೂರು ವರ್ಷ. ಕೂವೆಕಂಬವನ್ನು ಎಳೆದು ಹಿಡಿಯುವ ತಂತಿಗಳನ್ನು ಹತ್ತು ವರ್ಷದ ಮೇಲೆ ಯಾರೂ ನಂಬುವುದಿಲ್ಲ. ಲೈಫ್ ರಾಫ್ಟನ್ನು ಆಗಾಗ ಬಿಚ್ಚಿಸಿ ಪರೀಕ್ಷೆ ಮಾಡಿಸಬೇಕು, ಉಪಗ್ರಹಕ್ಕೆ ಸಂಕೇತ ಕಳಿಸುವ ಪೆಟ್ಟಿಗೆಯ ಬ್ಯಾಟರಿ ಬದಲಿಸಬೇಕು. ಪಟ್ಟಿಯ ಕೊನೆಯ ಕೆಲಸ ಮುಗಿಯುವಷ್ಟರಲ್ಲಿ ಮೊದಲನೆಯದರ ಅವಧಿ ತೀರಿರುತ್ತದೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅಲಮೀಡಾದಲ್ಲಿ.

ಇದಿಷ್ಟೂ ಅವರ ದುಡ್ಡು, ಅವರ ದೋಣಿ. ನಮಗೇನು ಎನ್ನಬಹುದು. ನಮಗೇನೆಂದರೆ ಶನಿವಾರ. "ಐದು ನಿಮಿಷ ಬಂದು ಟಾರ್ಚ್ ಹಿಡ್ಕೊಳ್ಳಿ ಸಾರ್" ಎಂಬ ಫೋನು. ಫೆರಿಯಲ್ಲಿ ಊರೊಳಗೆ ಹೋಗಿಬಂದರೇ ಹೊಟ್ಟೆ ತೊಳಸುವ ನಾನು, ಅಲ್ಲಾಡುವ ದೋಣಿಯ ಹೊಟ್ಟೆಯಲ್ಲಿ ಡೀಸೆಲ್ ವಾಸನೆ ಕುಡಿಯುತ್ತ, ಕಾಣದ ಬೋಲ್ಟಿನ ಮೇಲೆ ಬೆಳಕು ಬಿಡುತ್ತ ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ.

ಆದರೆ ಡಬ್ಬಿಗಳ ವಿಚಾರ ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ದೂರದ ಪ್ರಯಾಣಕ್ಕೆ ಹೊರಡುವವರು ಊಟದ ಡಬ್ಬಿಗಳ ಕಾಗದದ ಲೇಬಲ್ ಕಿತ್ತುಬಿಡುತ್ತಾರೆ. ಅದು ಹುಚ್ಚಲ್ಲ. ದೋಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಲೇಬಲ್ ನೆಂದು, ಬಿಟ್ಟು, ಮುದ್ದೆಯಾಗಿ ಪಂಪಿನ ಬಾಯಿಗೆ ಸಿಕ್ಕಿಕೊಂಡರೆ ನೀರು ಹೊರಹಾಕುವ ಪಂಪು ಬೇಕಾದ ಗಳಿಗೆಯಲ್ಲಿ ಕೈಕೊಡುತ್ತದೆ. ರಟ್ಟಿನ ಪೆಟ್ಟಿಗೆಗಳನ್ನೂ ಒಳಗೆ ಬಿಡುವುದಿಲ್ಲ, ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆ ಬರುತ್ತದೆಂದು. ಇಷ್ಟನ್ನು ಓದಿಕೊಂಡ ಕ್ಯಾಪ್ಟನ್ನರು ಒಂದು ಶನಿವಾರ ನನ್ನನ್ನೂ, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಇಬ್ಬರು ಹುಡುಗರನ್ನೂ ಗುಡ್ಡೆ ಹಾಕಿದರು. ಕಡಲೆಕಾಳು, ರಾಜ್ಮಾ, ಟೊಮೆಟೊ, ಜೋಳ, ಅನಾನಸ್, ತೆಂಗಿನಹಾಲು, ಎಲ್ಲವೂ ಒಂದೇ ಅಳತೆಯ ಡಬ್ಬಿ. ಬಕೆಟಿನಲ್ಲಿ ನೆನೆಸಿ, ಲೇಬಲ್ ಸುಲಿದು, ಉಳಿದ ಗೋಂದನ್ನು ಉಗುರಿನಿಂದ ಕೆರೆದು, ಒರೆಸಿ, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆಯಬೇಕು. "ಪೂರ್ತಿ ಬೇಡ, ಮೊದಲನೇ ಅಕ್ಷರ ಸಾಕು, ಟೈಮ್ ಉಳಿಯುತ್ತೆ" ಎಂದು ಅಪ್ಪಣೆಯಾಯಿತು. ನಾನು ಕಡಲೆಗೆ 'ಕ' ಎಂದು ಬರೆದೆ. ಹುಡುಗರಲ್ಲೊಬ್ಬ ಕಾನ್ವೆಂಟಿನವನು, ಜೋಳ ಅವನಿಗೆ ಕಾರ್ನ್, ಕನ್ನಡದ ದೀರ್ಘ ಅವನಿಗೆ ಒಗ್ಗದು, ಅವನೂ 'ಕ' ಎಂದೇ ಬರೆದ. ಇನ್ನೊಬ್ಬ ತೆಂಗಿನಹಾಲನ್ನು ಕೋಕೋನಟ್ ಎಂದುಕೊಂಡು ಅದಕ್ಕೂ ಒಂದು 'ಕ'. ಸಂಜೆಯ ಹೊತ್ತಿಗೆ ದೋಣಿಯ ತಳದಲ್ಲಿ ನುಣ್ಣನೆಯ, ಹೊಳೆಯುವ, ಒಂದನ್ನೊಂದು ಹೋಲುವ 'ಕ'ಗಳ ಸಾಲು.

ಅವರು ಹೊರಟಿದ್ದರೆ ಇದು ಅವರ ಮತ್ತು ಪೆಸಿಫಿಕ್ ಸಾಗರದ ನಡುವಿನ ವ್ಯವಹಾರವಾಗುತ್ತಿತ್ತು. ಆದರೆ ಡಬ್ಬಿಯ ತಳದಲ್ಲಿ ಅಚ್ಚೊತ್ತಿದ ತಾರೀಕು ಲೇಬಲ್ಲಿನ ಜೊತೆ ಹೋಗುವುದಿಲ್ಲ. ಕ್ಯಾಪ್ಟನ್ನರು ಶಿಸ್ತಿನವರು. ಅವಧಿ ಹತ್ತಿರ ಬಂದ ಡಬ್ಬಿಗಳನ್ನು ತೆಗೆದು ಹೊಸದನ್ನು ತುಂಬುತ್ತಾರೆ, ತೆಗೆದದ್ದನ್ನು ಚೆಲ್ಲಲು ಮನಸ್ಸಾಗದೆ ನಮ್ಮನ್ನು ಊಟಕ್ಕೆ ಕರೆಯುತ್ತಾರೆ. ಮಾರ್ಚ್ ತಪ್ಪುವುದಕ್ಕೂ ಯುಗಾದಿ ಬರುವುದಕ್ಕೂ ಸರಿಹೋಗುತ್ತದೆ. ಹಾಗಾಗಿ ನಮ್ಮ ಯುಗಾದಿಯ ಊಟ ಯಾವ ರುಚಿಯದೆಂದು ಡಬ್ಬಿ ಒಡೆಯುವ ತನಕ ಅವರ ಹೆಂಡತಿಗೂ ತಿಳಿಯುವುದಿಲ್ಲ. ಪಾಯಸಕ್ಕೆಂದು ಒಡೆದರೆ ಕಡಲೆಕಾಳು. ಪಲ್ಯಕ್ಕೆಂದು ಒಡೆದರೆ ತೆಂಗಿನಹಾಲು. ಬೇವು ಬೆಲ್ಲ ತಿಂದು ಮನಸ್ಸು ಗಟ್ಟಿಮಾಡಿಕೊಂಡೇ ಎಲೆಯ ಮುಂದೆ ಕೂರುತ್ತೇವೆ.

ಆ ಹೆಂಗಸಿನ ತಾಳ್ಮೆ ದೊಡ್ಡದು. ದೋಣಿಗೆ ಇನ್ನೂ ಹೆಸರಿಟ್ಟಿಲ್ಲ. ಕೋಸ್ಟ್ ಗಾರ್ಡ್‌ನಲ್ಲಿ ದಾಖಲಿಸಿದ ದೋಣಿಯ ಹೆಸರಿನ ಅಕ್ಷರ ನಾಲ್ಕು ಇಂಚಿಗೆ ಕಡಿಮೆ ಇರಬಾರದೆಂಬ ನಿಯಮವಿದೆ, ಹಿಂಬದಿಯ ಅಗಲಕ್ಕೆ ಒಪ್ಪುವ ಹೆಸರು ಸಿಕ್ಕಿಲ್ಲವಂತೆ. ಹಿಂದೆ ನಮ್ಮ ಊರುಗಳಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, 'ನಾಳೆ ಬಾ' ಎಂದು, ಅದನ್ನೇ ಬರೆಸಿಬಿಡಿ ಎಂದು ಆಕೆ ಒಮ್ಮೆ ಸಾರು ಬಡಿಸುತ್ತ ಹೇಳಿದರು. ಕ್ಯಾಪ್ಟನ್ನರು ನಗಲಿಲ್ಲ, ಅಕ್ಷರ ಎಷ್ಟು ಎಂದು ಬೆರಳು ಮಡಚಿ ಎಣಿಸಿದರು.

ವಾದಕ್ಕಿಳಿದರೆ ಅವರನ್ನು ಗೆಲ್ಲಲಾಗುವುದಿಲ್ಲ. ನಾನೂ ಒಂದಿಷ್ಟು ಓದಿಕೊಂಡು ಹೋಗಿದ್ದೆ. ಜಗತ್ತನ್ನು ಮೊದಲು ಒಂಟಿಯಾಗಿ ಸುತ್ತಿದ ಜೋಶುವಾ ಸ್ಲೋಕಮ್, ಹೊಲದಲ್ಲಿ ಬಿದ್ದಿದ್ದ ಮುದಿ ದೋಣಿಯನ್ನು ಹದಿಮೂರು ತಿಂಗಳಲ್ಲಿ ತಾನೇ ಕಟ್ಟಿಕೊಂಡ, ಖರ್ಚು 553 ಡಾಲರ್ 62 ಸೆಂಟ್, 1895ರಲ್ಲಿ ಬಾಸ್ಟನ್ ಬಿಟ್ಟ, ದಾರಿಯಲ್ಲಿ ಮುಖ ಒಡೆದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡ, 1898ರಲ್ಲಿ ವಾಪಸು ಬಂದ ಎಂದೆ. "ಅದೇ ಮನುಷ್ಯ, ಅದೇ ದೋಣಿ, 1909ರಲ್ಲಿ ಹೊರಟ. ಎಲ್ಲಿದ್ದಾನೆ ಹೇಳಿ ನೋಡೋಣ" ಎಂದರು. ರಾಬಿನ್ ನಾಕ್ಸ್-ಜಾನ್‌ಸ್ಟನ್ನನ 'ಸುಹೈಲಿ' ನಮ್ಮ ಬೊಂಬಾಯಿಯಲ್ಲೇ ಕಟ್ಟಿದ 32 ಅಡಿಯ ದೋಣಿ. ರೇಡಿಯೊ ಕೆಟ್ಟಿತು, ಕುಡಿಯುವ ನೀರು ಕೆಟ್ಟಿತು, ತಾನಾಗಿ ದಿಕ್ಕು ಹಿಡಿಯುವ ಯಂತ್ರ ಮುರಿಯಿತು, ಆದರೂ ಒಂಟಿ ನಾವಿಕರ ಸ್ಪರ್ಧೆಯಲ್ಲಿ 312 ದಿನ ಎಲ್ಲೂ ನಿಲ್ಲದೆ ಜಗತ್ತು ಸುತ್ತಿ 1969ರಲ್ಲಿ ವಾಪಸು ಬಂದ ಎಂದೆ. "ಅದೇ ಸ್ಪರ್ಧೆಯಲ್ಲಿ ಕ್ರೌಹರ್ಸ್ಟ್ ಅಂತ ಇದ್ದ" ಎಂದು ಶುರುಮಾಡಿದರು. ಆ ಡೊನಾಲ್ಡ್ ಕ್ರೌಹರ್ಸ್ಟ್, ಗಡುವಿನ ಕೊನೆಯ ದಿನವಾದ 1968ರ ಅಕ್ಟೋಬರ್ 31ರಂದು ಅರೆಬರೆ ಸಿದ್ಧವಾದ ದೋಣಿಯಲ್ಲಿ ಹೊರಟವನು. ಮರುವರ್ಷ ಜುಲೈಯಲ್ಲಿ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ನಾನು ಟಾರ್ಚ್ ಎತ್ತಿಕೊಂಡೆ.

ಕೂಟದಲ್ಲಿ ಯಾರಾದರೂ ಕೆಣಕಿದರೆ ಅಭಿಲಾಷ್ ಟೋಮಿಯನ್ನು ತರುತ್ತಾರೆ. ಆಗ ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದ ಅವನು ಎಲ್ಲೂ ನಿಲ್ಲದೆ ಒಂಟಿಯಾಗಿ ಜಗತ್ತು ಸುತ್ತಿದ, ಗೋವಾದಲ್ಲಿ ಕಟ್ಟಿದ ದೋಣಿಯ ಹೆಸರು 'ಮ್ಹಾದೇಯಿ'. "ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟೋ ಮಹದಾಯಿ ಕಣ್ರೀ ಅದು!" ಎನ್ನುವಾಗ, ಆ ನೀರಿನಲ್ಲಿ ತಮ್ಮ ಪಾಲೂ ಇದೆ ಎಂಬ ಗತ್ತು.

ಸ್ವತಃ ಅವರು ಗೋಲ್ಡನ್ ಗೇಟ್ ಸೇತುವೆ ದಾಟಿ ಸಮುದ್ರಕ್ಕೆ ಹೋದದ್ದನ್ನು ಕಂಡವರಿಲ್ಲ. ಕೊಲ್ಲಿಯೊಳಗಿನ ಏಂಜಲ್ ದ್ವೀಪದವರೆಗೆ ಹೋಗಿ ಚಿತ್ರಾನ್ನ ತಿಂದು ಬಂದದ್ದು ನನಗೆ ಗೊತ್ತು.

ಹೀಗೆಲ್ಲ ಬೈಯುವ ನನಗೆ ಒಂದು ಸಂಜೆ ಮಾತ್ರ ಬಾಯಿ ಬರಲಿಲ್ಲ. ನೀರಿನ ಮಟ್ಟದ ಕೆಳಗೆ ದೋಣಿಗಿರುವ ಪ್ರತಿ ತೂತಿನ ಪಕ್ಕದಲ್ಲೂ, ಕೊಳವೆ ಒಡೆದರೆ ಬಡಿಯಲೆಂದು, ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟುತ್ತಿದ್ದರು. ಕಟ್ಟುತ್ತಲೇ ಹೇಳಿದರು: ತಾವು ಹೋಗಬೇಕೆಂದಿರುವ ಹಾದಿಗೆ ನಾವಿಕರು ಕೋಕೋನಟ್ ಮಿಲ್ಕ್ ರನ್ ಎನ್ನುತ್ತಾರೆ. ಆ ದ್ವೀಪಗಳಲ್ಲೂ ಕೊಬ್ಬರಿಯೇ ಬದುಕು. ತಿಪಟೂರಿನಲ್ಲಿ ಇಡೀ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಕಾಯುತ್ತಾರೆ. "ಅಲ್ಲಿ ಒಡೆದು ಬಿಸಿಲಿಗೆ ಹಾಕ್ತಾರಂತೆ ಸಾರ್. ಕೆಲವೇ ದಿನ. ನಮ್ಮಪ್ಪ ಇದ್ದಿದ್ರೆ ನಂಬ್ತಿರಲಿಲ್ಲ. ಅದೊಂದು ನೋಡಬೇಕು." ಅವರ ಕಣ್ಣಿನಲ್ಲಿ ಆಗ ಪಟ್ಟಿ ಇರಲಿಲ್ಲ. ಎಲ್ಲ ಸರಿಯಾದ ಮೇಲೆ ಶುರುಮಾಡೋಣ ಎಂದು ಕೂತವರು ದೋಣಿಯವರು ಮಾತ್ರವೇ ಎಂದು ಯೋಚನೆ ಹತ್ತಿತು. ನಾನು ಕಾದಂಬರಿ ಬರೆಯಲೆಂದು ಕೊಂಡ ಮೇಜಿಗೆ ಸರಿಯಾದ ದೀಪ ಇನ್ನೂ ಸಿಕ್ಕಿಲ್ಲ. ಇನ್ನೊಂಚೂರು ಕೂತಿದ್ದರೆ ಅವರಿಗೆ ಒಳ್ಳೆಯ ಮಾತನ್ನೇ ಆಡಿಬಿಡುತ್ತಿದ್ದೆನೇನೋ. "ಟಾರ್ಚ್ ಸ್ವಲ್ಪ ಎಡಕ್ಕೆ" ಎಂದರು, ಬಚಾವಾದೆ.

ಈ ವರ್ಷದ ಸಂಗತಿ ಹೇಳಿ ಮುಗಿಸುತ್ತೇನೆ. ತಂತಿಗಳಿಗೆ ಹತ್ತು ವರ್ಷ ತುಂಬಿ, ಕೂವೆಕಂಬ ಕೆಳಗಿಳಿದಿದೆ. ದೋಣಿಯೊಳಗೆ ಜಾಗ ಬೇಕೆಂದು ದಾಸ್ತಾನಿನ ಡಬ್ಬಿಗಳೆಲ್ಲ ಸದ್ಯ ನನ್ನ ಗ್ಯಾರೇಜಿನಲ್ಲಿವೆ. ಅವಧಿ ಸೆಪ್ಟೆಂಬರಿನವರೆಗೂ ಇದೆ. ಬೇ ಏರಿಯಾದಲ್ಲಿರುವ ಕನ್ನಡಿಗರು ಯಾರಾದರೂ ಸಂತರ್ಪಣೆಯನ್ನೋ ಗೃಹಪ್ರವೇಶವನ್ನೋ ಇಟ್ಟುಕೊಂಡಿದ್ದರೆ ದಯವಿಟ್ಟು ಬಂದು ತೆಗೆದುಕೊಂಡು ಹೋಗಿ. ಒಳಗೆ ಏನಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.